ಪೈಪು ಸೇದುವ ರಾಕ್ಷಸ

2022ರ ಕೊನೆಯ ಒಂದು ಶನಿವಾರ ರಾತ್ರಿ. ಮೈಸೂರಿನ ನಮ್ಮ ಬಾಡಿಗೆ ಮನೆಯಲ್ಲಿ ಐದು ಜನ ಚಾಪೆಯ ಮೇಲೆ ಸುತ್ತ ಕೂತು ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಆಡುತ್ತಿದ್ದೆವು. ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಇದಕ್ಕೆ ಕಂಪ್ಯೂಟರ್ ಬೇಡ. ಒಬ್ಬರು ಕತೆ ನಡೆಸುತ್ತಾರೆ, ಉಳಿದವರು ಕತೆಯೊಳಗಿನ ಒಂದೊಂದು ಪಾತ್ರವಾಗಿ ಮಾತಾಡುತ್ತಾರೆ. ಏಟು ಬಿತ್ತೋ ತಪ್ಪಿತೋ ಎಂಬುದನ್ನು ಇಪ್ಪತ್ತು ಮುಖದ ದಾಳ ಹೇಳುತ್ತದೆ. ಪ್ರತಿ ಜೀವಿಗೂ ‘ಹಿಟ್ ಪಾಯಿಂಟ್’ ಎಂಬ ಅಂಕವಿರುತ್ತದೆ. ಏಟು ಬಿದ್ದಂತೆಲ್ಲ ಅದು ಇಳಿಯುತ್ತದೆ, ಸೊನ್ನೆಗೆ ಬಂದರೆ ಆ ಜೀವಿಯ ಆಟ ಮುಗಿದ ಹಾಗೆ.

ಅವತ್ತು ಕತೆ ನಡೆಸುತ್ತಿದ್ದವಳು ನಾನು. ‘ಕಾಂತಾರ’ ನೋಡಿದ ಗುಂಗು ಇನ್ನೂ ಇಳಿದಿರಲಿಲ್ಲ. ಕಾಡಂಚಿನ ಒಂದು ಊರು, ಊರಾಚೆ ಒಂದು ಬನ, ಬನದೊಳಗಿಂದ ಹಂದಿಮೊಗದ ಭೂತವೊಂದು ಎದ್ದು ಬರುತ್ತದೆ ಎಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದೆ. ಪಂಜುರ್ಲಿ ಎಂದೇ ಹೆಸರಿಟ್ಟಿದ್ದೆ. ಹಿಟ್ ಪಾಯಿಂಟ್ 142.

ಪುತ್ತೂರು ಕಡೆಯ ಗೆಳತಿ ದಾಳವನ್ನು ಎತ್ತಿಕೊಳ್ಳಲೇ ಇಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, “ದೈವಕ್ಕೆ ಹಿಟ್ ಪಾಯಿಂಟ್ ಕೊಡ್ಲಿಕ್ಕೆ ನಿನಗೆ ಯಾರು ಹೇಳಿದ್ದು ಮಾರಾಯ್ತಿ?” ಎಂದಳು. ನಗುತ್ತಲೇ ಕೇಳಿದಳು. ಆದರೆ ಆಟ ಅಲ್ಲಿಗೆ ನಿಂತಿತು.

ಯಾರು ಹೇಳಿದ್ದು? ಇತಿಹಾಸದ ವಿದ್ಯಾರ್ಥಿನಿಯಾದ್ದರಿಂದ ಆ ಪ್ರಶ್ನೆಯನ್ನು ಹಾಗೇ ಬಿಡಲಾಗಲಿಲ್ಲ. ಆಟದ ಹಳೆಯ ಪುಸ್ತಕಗಳನ್ನು ಹುಡುಕಿ ಓದತೊಡಗಿದೆ.

ಈ ಆಟ ಹುಟ್ಟಿದ್ದು 1974ರಲ್ಲಿ, ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಎಂಬ ಸಣ್ಣ ಊರಿನಲ್ಲಿ. ಕಟ್ಟಿದವರು ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್. ಗೈಗ್ಯಾಕ್ಸ್ ವಿಮಾ ಕಂಪನಿಯಲ್ಲಿ ದುಡಿದು, ಆಮೇಲೆ ಮನೆಯಲ್ಲೇ ಶೂ ರಿಪೇರಿ ಮಾಡಿಕೊಂಡಿದ್ದ ಮನುಷ್ಯ. ವಿದ್ವಾಂಸನಲ್ಲ, ಸಿಕ್ಕಿದ್ದನ್ನೆಲ್ಲ ಓದುವ, ಟಿವಿ ನೋಡುವ ಹುಚ್ಚಿನವನು. 1977ರಲ್ಲಿ ಬಂದ ‘ಮಾನ್ಸ್ಟರ್ ಮ್ಯಾನ್ಯುಯಲ್’ ಎಂಬ ಪ್ರಾಣಿಕೋಶದಂಥ ಪುಸ್ತಕದಲ್ಲಿ ನಮ್ಮ ರಾಕ್ಷಸನೂ ಇದ್ದಾನೆ. ಡೇವಿಡ್ ಟ್ರಾಂಪಿಯರ್ ಬರೆದ ಚಿತ್ರದಲ್ಲಿ ಅವನಿಗೆ ಹುಲಿಯ ತಲೆ. ಶ್ರೀಮಂತ ದೊರೆಗಳು ಮನೆಯಲ್ಲಿ ತೊಡುವಂಥ ನಿಲುವಂಗಿ. ಕೈಯಲ್ಲಿ ಪೈಪು. ಆರಾಮಾಗಿ ಕೂತಿದ್ದಾನೆ. ಮೊದಲ ಸಲ ನೋಡಿದಾಗ ನನಗೆ ಬಂದದ್ದು ಸಿಟ್ಟಲ್ಲ, ನಗು. ಸುಳ್ಳು ಹೇಳುವುದೇಕೆ, ಚಿತ್ರ ಚೆನ್ನಾಗಿದೆ.

ಈ ರಾಕ್ಷಸ ಎದುರಿನವರು ನಂಬುವ ವ್ಯಕ್ತಿಯ ರೂಪ ತಾಳುತ್ತಾನೆ. ಮಂತ್ರಿಸಿದ ಕ್ರಾಸ್‌ಬೋ ಬಾಣ ತಾಗಿದರೆ ಸಾಯುತ್ತಾನೆ. ಮಂತ್ರಿಸಿದ ಅಸ್ತ್ರ ನಮಗೆ ಹೊಸತಲ್ಲ, ರಾಮಾಯಣದ ತುಂಬ ಅದೇ ಇದೆ. ಆದರೆ ಯುರೋಪಿನ ಕ್ರಾಸ್‌ಬೋ ಎಲ್ಲಿಂದ ಬಂತು? 1974ರಲ್ಲಿ ಅಮೆರಿಕದ ಟಿವಿಯಲ್ಲಿ ‘ಕೋಲ್ಚ್ಯಾಕ್: ದ ನೈಟ್ ಸ್ಟಾಕರ್’ ಎಂಬ ಧಾರಾವಾಹಿ ಬರುತ್ತಿತ್ತು. ಅದರ ಒಂದು ಸಂಚಿಕೆಯಲ್ಲಿ ಷಿಕಾಗೋದ ಯಹೂದಿ ವೃದ್ಧರ ಬಡಾವಣೆಗೆ ರಾಕ್ಷಸನೊಬ್ಬ ನುಗ್ಗುತ್ತಾನೆ, ನಂಬಿದವರ ರೂಪದಲ್ಲಿ ಬಂದು ಕೊಲ್ಲುತ್ತಾನೆ, ಮಂತ್ರಿಸಿದ ಕ್ರಾಸ್‌ಬೋ ಬಾಣಕ್ಕೆ ಬಲಿಯಾಗುತ್ತಾನೆ. ಎರಡನ್ನೂ ಪಕ್ಕಪಕ್ಕ ಇಟ್ಟರೆ ಎಲ್ಲಿಂದ ಎಲ್ಲಿಗೆ ಬಂತೆಂದು ಯಾರೂ ಹೇಳಬೇಕಾಗಿಲ್ಲ. ಆ ಸಂಚಿಕೆಯಲ್ಲಿ ಒಬ್ಬ ಮುದಿ ಭಾರತೀಯನಿದ್ದಾನೆ. ರಾಕ್ಷಸನನ್ನು ತಡೆಯಲು ಅವನು ಗೋಡೆಗಳ ಮೇಲೆ ಸ್ವಸ್ತಿಕ ಬರೆಯುತ್ತಾನೆ. ಯಹೂದಿ ವೃದ್ಧರಿಗೆ ಅದು ನಾಜಿ ಗುರುತಾಗಿ ಕಾಣುತ್ತದೆ. ಒಂದು ಚಿಹ್ನೆ ಊರು ಬದಲಿಸಿದಾಗ ಏನಾಗುತ್ತದೆ ಎಂಬುದು ಆ ಟಿವಿ ಲೇಖಕನಿಗೆ ಗೊತ್ತಿತ್ತು. ಅಲ್ಲಿಂದ ಆಟಕ್ಕೆ ದಾಟಿದ್ದು ಮಾತ್ರ ರೂಪ ಬದಲಿಸುವ ವಿದ್ಯೆ ಮತ್ತು ಬಾಣ.

ಗೆಳತಿಯ ಪ್ರಶ್ನೆಗೆ ನೇರ ಉತ್ತರ ಸಿಕ್ಕಿದ್ದು ಇನ್ನೊಂದು ಪುಸ್ತಕದಲ್ಲಿ. 1976ರ ‘ಗಾಡ್ಸ್, ಡೆಮಿಗಾಡ್ಸ್ ಅಂಡ್ ಹೀರೋಸ್’, ಅದು ಬೆಳೆದು 1980ರಲ್ಲಿ ಬಂದ ‘ಡೀಟೀಸ್ ಅಂಡ್ ಡೆಮಿಗಾಡ್ಸ್’. ಗ್ರೀಕ್, ಈಜಿಪ್ಟ್, ನಾರ್ಸ್ ದೇವರುಗಳ ಜೊತೆ ಇಂದ್ರ, ಅಗ್ನಿ, ವರುಣ, ಕಾಳಿ, ಲಕ್ಷ್ಮಿ ಎಲ್ಲರೂ ಇದ್ದಾರೆ, ಎಲ್ಲರಿಗೂ ಹಿಟ್ ಪಾಯಿಂಟ್ ಇದೆ. ಕಾರಣ ಮಾತ್ರ ವಿಚಿತ್ರ. ಆಟಗಾರರು ತಮ್ಮ ಪಾತ್ರಗಳನ್ನು ಮಿತಿಮೀರಿ ಬೆಳೆಸಿಕೊಂಡಿದ್ದರು. ದೇವರ ಬಲವೇ ಇಷ್ಟಿರುವಾಗ ನಿಮ್ಮದೇನು ಎಂದು ಅವರನ್ನು ನಾಚಿಸಲು ಈ ಅಂಕಗಳು ಎಂದು 1976ರ ಮುನ್ನುಡಿಯೇ ಹೇಳುತ್ತದೆ. ಅಂದರೆ ಬೆದರಿಸಲು ಕೊಟ್ಟ ಸಂಖ್ಯೆ. ಆದರೆ ಸಂಖ್ಯೆ ಕೊಟ್ಟ ಮೇಲೆ ಅದನ್ನು ಸೊನ್ನೆಗೆ ಇಳಿಸಲು ಹುಡುಗರು ಬಿಡುತ್ತಾರೆಯೇ? ಬಿಡಲಿಲ್ಲ. ಓಡಿನ್‌ನನ್ನು, ಜ್ಯೂಸ್‌ನನ್ನು ಪೂಜಿಸುವವರು ಅಲ್ಲಿ ಅಕ್ಕಪಕ್ಕದಲ್ಲಿ ಇರಲಿಲ್ಲ. ಲಕ್ಷ್ಮಿಗೆ ಶುಕ್ರವಾರ ಹೂವು ಏರಿಸುವವರು ಈ ಲೋಕದಲ್ಲಿ ಕೋಟಿಗಟ್ಟಲೆ ಇದ್ದಾರೆ ಎಂಬ ವ್ಯತ್ಯಾಸ ಆ ಮೇಜಿನ ಸುತ್ತ ಕೂತವರಿಗೆ ಹೊಳೆಯುವ ಸಂದರ್ಭವೇ ಬರಲಿಲ್ಲ.

1985ರ ‘ಓರಿಯೆಂಟಲ್ ಅಡ್ವೆಂಚರ್ಸ್’ ಬಗ್ಗೆ ಬೇಕಾದಷ್ಟು ಚರ್ಚೆಯಾಗಿದೆ, ನಾನು ಹೆಚ್ಚು ಹೇಳುವುದಿಲ್ಲ. ಮುಖಪುಟದಲ್ಲಿ ಗೈಗ್ಯಾಕ್ಸ್ ಹೆಸರಿದ್ದರೂ ಬಹುಪಾಲು ಬರೆದವರು ಡೇವಿಡ್ ಕುಕ್. ‘ಶೋಗನ್’ ಧಾರಾವಾಹಿ, ನಿಂಜಾ ಸಿನಿಮಾಗಳ ಕಾಲ. ಕಂಪನಿಗೆ ಹಣದ ಮುಗ್ಗಟ್ಟು, ಪುಸ್ತಕ ಚೆನ್ನಾಗಿ ಮಾರಾಟವಾಯಿತು. ಕುಕ್ ಶ್ರದ್ಧೆಯಿಂದಲೇ ಓದಿ ಬರೆದಿದ್ದಾರೆ. ಆದರೂ ಇಡೀ ಏಷ್ಯಾ ಎಂದರೆ ಮುಕ್ಕಾಲು ಜಪಾನು, ಉಳಿದದ್ದು ಚೀನಾ ಎಂಬಂತಿದೆ. ಪೂರ್ವದವರಿಗೆ ಮಾತ್ರ ‘ಮರ್ಯಾದೆ’ಯ ಅಂಕವನ್ನು ಪ್ರತ್ಯೇಕವಾಗಿ ಎಣಿಸಬೇಕಂತೆ. ಪಶ್ಚಿಮದ ಸರದಾರರಿಗೆ ಮಾನ ಮರ್ಯಾದೆ ಇರಲಿಲ್ಲವೇ ಎಂದು ನಾನಂತೂ ಕೇಳಿಕೊಂಡೆ. 2020ರಲ್ಲಿ ಏಷ್ಯಾ ಮೂಲದ ಆಟಗಾರರು ಈ ಪುಸ್ತಕದ ಮಾರಾಟವನ್ನು ಪ್ರಶ್ನಿಸಿದರು. ಪ್ರಕಾಶಕರು ಹಳೆಯ ಪುಸ್ತಕಗಳ ಪುಟದಲ್ಲಿ ಒಂದು ಎಚ್ಚರಿಕೆಯ ಟಿಪ್ಪಣಿ ಹಾಕಿದರು, ಮಾರಾಟ ಮುಂದುವರಿಸಿದರು.

ಇಷ್ಟು ಓದಿದ ಮೇಲೆ ‘ಅವರು ನಮ್ಮ ರಾಕ್ಷಸನನ್ನು ಕೆಡಿಸಿದರು’ ಎಂದು ಲೇಖನ ಮುಗಿಸಿಬಿಡಬಹುದಿತ್ತು. ಆದರೆ ಕನ್ನಡ ಓದಿದವಳಿಗೆ ಅದು ಅಷ್ಟು ಸುಲಭವಲ್ಲ. ಯಾವ ರಾಕ್ಷಸ? ನಾಗಚಂದ್ರನ ‘ರಾಮಚಂದ್ರಚರಿತಪುರಾಣ’ದಲ್ಲಿ ರಾಕ್ಷಸ ಎಂಬುದು ವಿದ್ಯಾಧರರ ಒಂದು ವಂಶದ ಹೆಸರು. ಅಲ್ಲಿನ ರಾವಣ ಹತ್ತು ತಲೆಯ ನರಭಕ್ಷಕನಲ್ಲ, ತನ್ನ ತಪ್ಪಿಗೆ ತಾನೇ ಮರುಗುವವನು. ಅವನನ್ನು ಕೊಲ್ಲುವವನು ಲಕ್ಷ್ಮಣ, ರಾಮನಲ್ಲ. ಎಂಟುನೂರು ವರ್ಷಕ್ಕೂ ಹೆಚ್ಚು ಕಾಲದ ನಂತರ ಕುವೆಂಪು ಇನ್ನೊಬ್ಬ ರಾವಣನನ್ನು ಕೊಟ್ಟರು. ತೆಂಕುತಿಟ್ಟಿನ ಬಣ್ಣದ ವೇಷವನ್ನು ನೋಡಿ. ಅಕ್ಕಿಹಿಟ್ಟು, ಸುಣ್ಣ ಕಲಸಿ ಮುಖದ ತುಂಬ ಚುಟ್ಟಿ ಇಡಲು ಗಂಟೆಗಟ್ಟಲೆ ಬೇಕು. ತೆರೆಯ ಹಿಂದಿನಿಂದ ಆರ್ಭಟ ಕೇಳಿ, ಆಮೇಲೆ ಮುಖ ಕಾಣುತ್ತದೆ. ಆ ಮುಖ ವಾಲ್ಮೀಕಿಯಲ್ಲಿ ಎಲ್ಲಿದೆ? ನಾವು ರಾಕ್ಷಸನನ್ನು ಗೈಗ್ಯಾಕ್ಸ್‌ಗಿಂತ ಹೆಚ್ಚೇ ಬದಲಿಸಿದ್ದೇವೆ. ಆದರೆ ನಾಗಚಂದ್ರ ಬರೆದದ್ದು ರಾಮಕತೆ ಬಲ್ಲವರ ನಡುವೆ. ಬಣ್ಣದ ವೇಷ ತಪ್ಪು ಹೆಜ್ಜೆ ಇಟ್ಟರೆ ಬೆಳಿಗ್ಗೆ ಚಹಾದಂಗಡಿಯಲ್ಲಿ ಅದರ ವಿಚಾರಣೆ ನಡೆಯುತ್ತದೆ. ಲೇಕ್ ಜಿನೀವಾದಲ್ಲಿ ಹುಲಿತಲೆಯ ಬಗ್ಗೆ ತಕರಾರು ಎತ್ತುವವರು ಯಾರೂ ಇರಲಿಲ್ಲ.

ಹಾಗಾದರೆ ಚೆನ್ನಾಗಿ ತಿಳಿದುಕೊಂಡು ಬರೆದರೆ ಸಾಕೇ? ಇಲ್ಲೇ ನನ್ನನ್ನು ಹೆಚ್ಚು ಕಾಡಿದವರು ಎಂ.ಎ.ಆರ್. ಬಾರ್ಕರ್. ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಉರ್ದು ಮತ್ತು ದಕ್ಷಿಣ ಏಷ್ಯಾ ಅಧ್ಯಯನದ ಪ್ರಾಧ್ಯಾಪಕರು. ಐವತ್ತರ ದಶಕದಲ್ಲಿ ಭಾರತಕ್ಕೆ ಬಂದವರು, ಇಲ್ಲೇ ಇಸ್ಲಾಂ ಸ್ವೀಕರಿಸಿದವರು. ಉರ್ದು ಕಲಿಸಲು, ಬಲೂಚಿ ಕಲಿಸಲು ಪಠ್ಯಪುಸ್ತಕ ಬರೆದವರು. 1975ರಲ್ಲಿ ಬಂದ ಅವರ ‘ಎಂಪೈರ್ ಆಫ್ ದ ಪೆಟಲ್ ಥ್ರೋನ್’ ಆಟದ ಟೆಕುಮೆಲ್ ಲೋಕದಲ್ಲಿ ಯುರೋಪಿನ ಕೋಟೆ ಕುದುರೆಗಳಿಲ್ಲ. ಭಾರತ, ಮಧ್ಯಪ್ರಾಚ್ಯ, ಪ್ರಾಚೀನ ಮೆಕ್ಸಿಕೋ ಬೆರೆತ ಸಾಮ್ರಾಜ್ಯ, ಅದಕ್ಕೆ ವ್ಯಾಕರಣ ಲಿಪಿಗಳಿರುವ ತ್ಸೋಲ್ಯಾನಿ ಎಂಬ ಭಾಷೆ. ಅದನ್ನು ಓದುತ್ತ, ಕೊನೆಗೂ ಒಬ್ಬರು ಸಿಕ್ಕರಪ್ಪ ಎಂದುಕೊಂಡಿದ್ದೆ. ಬಾರ್ಕರ್ 2012ರಲ್ಲಿ ತೀರಿಕೊಂಡರು. 2022ರಲ್ಲಿ ಅವರ ಕೃತಿಗಳನ್ನು ನೋಡಿಕೊಳ್ಳುವ ಪ್ರತಿಷ್ಠಾನವೇ ಒಪ್ಪಿಕೊಂಡ ಸಂಗತಿಯಿದು: 1991ರಲ್ಲಿ ನವ-ನಾಜಿ ಪ್ರಕಾಶನವೊಂದು ತಂದ ‘ಸರ್ಪೆಂಟ್ಸ್ ವಾಕ್’ ಎಂಬ ಯಹೂದಿ ದ್ವೇಷದ ಕಾದಂಬರಿಯನ್ನು ಗುಪ್ತನಾಮದಲ್ಲಿ ಬರೆದವರು ಬಾರ್ಕರ್. ಅಷ್ಟು ಭಾಷೆ ಬಲ್ಲ ಮನುಷ್ಯ. ಪುಸ್ತಕ ಮುಚ್ಚಿಟ್ಟು ಎರಡು ದಿನ ಏನೂ ಓದಲಿಲ್ಲ.

ನನ್ನ ತಲೆ ತಗ್ಗಿಸಿದ್ದು ಇದಕ್ಕಿಂತ ಹತ್ತಿರದ್ದು. ನನ್ನ ಪಿಎಚ್‌ಡಿ ವಿಷಯವೇ ವಸಾಹತು ಕಾಲದ ಜಾನಪದ ಸಂಗ್ರಹಗಳು. ದಕ್ಷಿಣ ಕನ್ನಡದಲ್ಲಿ ನ್ಯಾಯಾಧೀಶನಾಗಿದ್ದ ಎ.ಸಿ. ಬರ್ನೆಲ್ ಸಂಗ್ರಹಿಸಿಟ್ಟ ಭೂತಾರಾಧನೆಯ ಸಾಮಗ್ರಿ, ಪಾಡ್ದನಗಳು, ಅವನು ತೀರಿಕೊಂಡ ಮೇಲೆ 1894ರಿಂದ ‘ಇಂಡಿಯನ್ ಆಂಟಿಕ್ವೆರಿ’ಯಲ್ಲಿ ಅಚ್ಚಾದವು. ಶೀರ್ಷಿಕೆ ‘ಡೆವಿಲ್ ವರ್ಷಿಪ್ ಆಫ್ ದ ತುಳುವಾಸ್’. ಊರಿನ ವ್ಯಾಜ್ಯ ತೀರ್ಮಾನಿಸುವ, ಮನೆಯ ಹಿರಿಯನ ಹಾಗೆ ಗದರುವ, ಅಭಯ ಕೊಡುವ ದೈವಕ್ಕೆ ‘ಡೆವಿಲ್’ ಎಂಬ ಹೆಸರು. ಆ ಒಂದು ಪದದ ಮೇಲೆ ನಾನು ಮೂವತ್ತು ಪುಟ ಬರೆದು ಗೈಡ್‌ಗೆ ಕೊಟ್ಟಿದ್ದೆ. ಅದೇ ವಾರ, ಅದೇ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಪಂಜುರ್ಲಿಗೆ 142 ಅಂಕ ಹಾಕಿದ್ದೆ. ಹಾಸನದ ನನಗೆ ಪುತ್ತೂರು ಐದು ಗಂಟೆಯ ಬಸ್ ದಾರಿ. ಬರ್ನೆಲ್‌ಗೆ ಇಂಗ್ಲೆಂಡು ದೂರ ಎಂಬ ನೆಪವಾದರೂ ಇತ್ತು.

ಈಚೆಗೆ ಆಟದ ಪುಸ್ತಕಗಳು ಬದಲಾಗಿವೆ. 1993ರ ಒಂದು ಸಾಹಸಕತೆಯಲ್ಲಿ ಹುಲಿತಲೆಯ ರಾಕ್ಷಸನೊಬ್ಬ ಆಳುವ ಭಾರತದಂಥ ನಾಡಿತ್ತು. 2021ರಲ್ಲಿ ಅಜಿತ್ ಜಾರ್ಜ್ ಅದನ್ನು ಹೊಸದಾಗಿ ಬರೆದರು. ಈಗ ಅದು ಸಿಂಹಾಸನಕ್ಕಾಗಿ ಒಡಹುಟ್ಟಿದವರೇ ಕಾದಾಡುವ ಕತೆ, ಆಳುವವಳು ರಮ್ಯಾ ಎಂಬ ರಾಣಿ. ನಾಡಿನ ಹೆಸರು ಕಲಕೇರಿ. ಹೆಸರಿನ ಮೂಲ ಏನೇ ಇರಲಿ, ಧಾರವಾಡದ ಹತ್ತಿರದ ಕಲಕೇರಿಗೆ ಸಂಗೀತ ಶಾಲೆ ನೋಡಲು ಹೋಗಿದ್ದ ನಾನು ಆ ಪುಟದಲ್ಲಿ ಒಮ್ಮೆ ಬೆಚ್ಚಿದ್ದು ನಿಜ. 2022ರ ‘ಜರ್ನೀಸ್ ಥ್ರೂ ದ ರೇಡಿಯಂಟ್ ಸಿಟಡೆಲ್’ ಸಂಕಲನವನ್ನು ಪೂರ್ತಿ ಬರೆದವರು ಬಿಳಿಯರಲ್ಲದ ಲೇಖಕರು. ಅದರಲ್ಲಿ ಕೋಲ್ಕತ್ತಾದಲ್ಲಿ ಬೆಳೆದ ದಲಿತ ಲೇಖಕಿ ಮಿಮಿ ಮಂಡಲ್ ಬಂಗಾಳದ ನದಿಗಳ ನೆನಪಿರುವ ಒಂದು ನಾಡು ಕಟ್ಟಿದ್ದಾರೆ. ಅಲ್ಲಿ ಪ್ರವಾಹ ಒಂದು ದೃಶ್ಯವಲ್ಲ, ಅದರ ಜೊತೆ ಬಾಳುವುದು ಹೇಗೆ ಎಂಬುದೇ ಕತೆ. ಇನ್ನೊಂದು ಕಡೆ, 2024ರ ನಿಯಮ ಪುಸ್ತಕದಲ್ಲಿ ‘ಮಂಕ್’ ಪಾತ್ರದ ಶಕ್ತಿಗೆ ಇದ್ದ ‘ಕೀ’ ಎಂಬ ಜಪಾನೀ ಪದವನ್ನು ತೆಗೆದು ‘ಫೋಕಸ್’ ಎಂದು ಮಾಡಿದ್ದಾರೆ. ನನಗೆ ಇದು ಹಿಡಿಸಲಿಲ್ಲ. ಪಾತ್ರ ಅದೇ, ಕುಂಗ್‌ಫು ಅದೇ, ಎಲ್ಲಿಂದ ಬಂತೆಂಬ ಗುರುತು ಮಾತ್ರ ಅಳಿಸಿತು. ಪದ ತೆಗೆಯುವುದು ಅಗ್ಗದ ಕೆಲಸ. ಮಂಡಲ್‌ರಂಥವರನ್ನು ಕರೆದು ಬರೆಸುವುದಕ್ಕೆ ಹಣ ಬೇಕು, ಹೇಳಿಸಿಕೊಳ್ಳುವ ತಾಳ್ಮೆಯೂ ಬೇಕು.

ನಮ್ಮ ಆಟ ಮತ್ತೆ ಶುರುವಾಗಲು ಮೂರು ವಾರ ಹಿಡಿಯಿತು. ಕ್ಷಮೆ ಕೇಳಿದಾಗ ಗೆಳತಿ, “ಅದೆಲ್ಲ ಬಿಡು, ಒಮ್ಮೆ ಊರಿಗೆ ಬಾ” ಎಂದಳು. ಫೆಬ್ರವರಿಯಲ್ಲಿ ಅವರ ಕುಟುಂಬದ ಕೋಲಕ್ಕೆ ಹೋದೆ. ಬೆಳಗಿನ ಜಾವದವರೆಗೂ ಕೂತಿದ್ದೆ. ಅವಳ ದೊಡ್ಡಪ್ಪ, ಅರವತ್ತು ದಾಟಿದವರು, ದೈವದ ಎದುರು ಕೈಮುಗಿದು ಜಾಗದ ಜಗಳವೊಂದನ್ನು ಹೇಳಿಕೊಂಡು ಅತ್ತರು. ದೈವ ತುಳುವಿನಲ್ಲಿ ಏನೋ ನುಡಿಯಿತು. ನನಗೆ ಅರ್ಥವಾಗಲಿಲ್ಲ. ಕೇಳಿದರೆ ಅವಳು, “ಅದು ನಮ್ಮ ಮನೆಯ ಮಾತು” ಎಂದು ಸುಮ್ಮನಾದಳು.

ಮುಂದಿನ ಆಟದ ಕತೆಯನ್ನು ಅವಳೇ ಬರೆದಳು. ಹಂದಿಯೂ ಇಲ್ಲ, ಪಂಜುರ್ಲಿ ಎಂಬ ಹೆಸರೂ ಇಲ್ಲ. ಕಾಡಂಚಿನ ಊರು, ಅದರ ಬನ ಹಾಗೇ ಇದ್ದವು. ಬನದ ಗಡಿ ದಾಟಿದಾಗ ಅವಳು ಕೈಚಾಚಿ ನಮ್ಮ ದಾಳಗಳನ್ನೆಲ್ಲ ಇಸಿದುಕೊಂಡು ತನ್ನ ಚೀಲಕ್ಕೆ ಹಾಕಿಕೊಂಡಳು. ಆಮೇಲೆ ನನ್ನ ಪಾತ್ರದ ಕಡೆ ತಿರುಗಿ, ಈ ಜಾಗ ಯಾರದೆಂದು ಕೇಳಿ ಒಳಗೆ ಬಂದೆ ಎಂದು ಕೇಳಿದಳು.