ಮಳೆಗೆ ಮುಂಚಿನ ಬೆಚ್ಚನೆ ವಾರ

ದೆಹಲಿಯ ಚಳಿಗಾಲದ ನಡುವೆ ಕೆಲವೊಮ್ಮೆ ಒಂದು ವಿಚಿತ್ರ ವಾರ ಬರುತ್ತದೆ. ಅದುವರೆಗೆ ಮಂಜು ಮುಸುಕಿ ಎದುರಿನ ಕಟ್ಟಡ ಕಾಣದಂತಿದ್ದದ್ದು, ಒಂದು ಬೆಳಿಗ್ಗೆ ಎದ್ದು ನೋಡಿದರೆ ಗಾಳಿಯಲ್ಲಿ ಚುಚ್ಚುವಿಕೆಯೇ ಇರುವುದಿಲ್ಲ. ರಾತ್ರಿ ರಜಾಯಿ ಕಾಲಡಿಗೆ ಸರಿಯುತ್ತದೆ. ಹಗಲು ಸ್ವೆಟರ್ ಮೈಮೇಲಿಂದ ಹೆಗಲಿಗೆ ಬರುತ್ತದೆ. ಆಕಾಶದಲ್ಲಿ ಬಹಳ ಎತ್ತರದಲ್ಲಿ ಅರಳಿ ಹಿಂಜಿದಂತೆ ತೆಳು ಮೋಡ. ದಕ್ಷಿಣದಿಂದ ಹೊಸದಾಗಿ ಬಂದವರು ಚಳಿ ಮುಗಿಯಿತೆಂದು ರಜಾಯಿಯನ್ನು ಬಿಸಿಲಿಗೆ ಹಾಕಿ ಮಡಚಿಡಲು ಹೊರಡುತ್ತಾರೆ. ಊರಿನ ಹಳಬರು ಮಾತ್ರ ಅವಸರ ಮಾಡುವುದಿಲ್ಲ. ಅವರಿಗೆ ಗೊತ್ತಿರುವುದು ಇಷ್ಟು: ಈ ಬೆಚ್ಚಗೆ ಉಳಿಯುವುದಲ್ಲ. ಇದರ ಹಿಂದೆ ಮಳೆ ಇದೆ, ಮಳೆಯ ಹಿಂದೆ ಇನ್ನೂ ಗಟ್ಟಿ ಚಳಿ ಇದೆ.

ಈ ತಿಳಿವಳಿಕೆ ಹಳೆಯದು. ಆದರೆ ಈ ಬೆಚ್ಚಗಿನ ವಾರ ಎಲ್ಲಿಂದ ಬರುತ್ತದೆ ಎಂಬುದು ಸರಿಯಾಗಿ ತಿಳಿದು ಇನ್ನೂ ನೂರು ವರ್ಷ ಆಗಿಲ್ಲ. ತಿಳಿದ ಕೆಲವೇ ದಶಕಗಳಲ್ಲಿ ಆ ಸೂಚನೆಯೇ ನಂಬಲಾಗದಂತಾಗುತ್ತಿದೆ.

ಒಂದು ನಕ್ಷತ್ರ, ಎರಡು ಮಳೆ

ಉತ್ತರದ ಚಳಿಗಾಲದ ಮಳೆಗೆ ಹಿಂದಿಯಲ್ಲಿ 'ಮಹಾವಟ್' ಎಂಬ ಹೆಸರಿದೆ. ಕೇಳಿದೊಡನೆ 'ಮಹಾ' ಎಂದರೆ ದೊಡ್ಡದು ಅನ್ನಿಸುತ್ತದೆ. ಆದರೆ ಅಲ್ಲಿರುವುದು 'ಮಾಹ್', ಅಂದರೆ ಮಾಘ ಮಾಸ. ಪುಷ್ಯ, ಮಾಘಗಳಲ್ಲಿ ಬೀಳುವ ಜಡಿ ಮಳೆಯೇ ಮಹಾವಟ್.

ಕನ್ನಡಿಗರಿಗೆ ಮಘೆಯ ಹೆಸರಿನ ಮಳೆ ಹೊಸದಲ್ಲ. ಆದರೆ ನಮ್ಮ ಮಘೆ ಮಳೆ ಬರುವುದು ಆಗಸ್ಟ್ ತಿಂಗಳ ದ್ವಿತೀಯಾರ್ಧದಲ್ಲಿ. ನಮ್ಮ ಮಳೆಗಳಿಗೆ ಸೂರ್ಯ ಯಾವ ನಕ್ಷತ್ರದಲ್ಲಿದ್ದಾನೆ ಎಂಬುದನ್ನು ನೋಡಿ ಹೆಸರಿಡುತ್ತೇವೆ. ತಿಂಗಳಿಗೆ ಹೆಸರು ಬರುವುದು ಹುಣ್ಣಿಮೆಯ ಚಂದ್ರ ಯಾವ ನಕ್ಷತ್ರದ ಬಳಿ ಇರುತ್ತಾನೆ ಎಂಬುದರಿಂದ. ಹುಣ್ಣಿಮೆಯ ದಿನ ಸೂರ್ಯ ಚಂದ್ರರು ಎದುರುಬದುರು. ಹಾಗಾಗಿ ಚಂದ್ರನ ಮಘೆಗೂ ಸೂರ್ಯನ ಮಘೆಗೂ ನಡುವೆ ಆರು ತಿಂಗಳ ಅಂತರ. ಒಂದೇ ನಕ್ಷತ್ರ ಮಂಡ್ಯದ ರೈತನಿಗೆ ಮುಂಗಾರಿನ ಮಳೆಯ ಹೆಸರಾದರೆ ಮೀರತ್‌ನ ರೈತನಿಗೆ ಗೋಧಿ ಹೊಲದ ಚಳಿಮಳೆಯ ಹೆಸರು. ನಮ್ಮ ಮಳೆ ನಕ್ಷತ್ರಗಳ ಲೆಕ್ಕ ಚಳಿಗಾಲ ಕಾಲಿಡುವ ಹೊತ್ತಿಗೆ ಹೆಚ್ಚುಕಡಿಮೆ ಮುಗಿದಿರುತ್ತದೆ. ಜನವರಿಯಲ್ಲಿ ದೆಹಲಿಯ ಕನ್ನಡಿಗರಿಗೆ ಮಳೆ 'ಅಕಾಲ' ಅನ್ನಿಸುವುದು ಅದಕ್ಕೇ. ಅಲ್ಲಿಯವರಿಗೆ ಅದೇ ಕಾಲಮಳೆ.

ಆ ಮಳೆಯನ್ನು ನೆಚ್ಚಿ ಬದುಕಿದವರ ಚರಿತ್ರೆಯೂ ಉದ್ದವೇ. ಸಿಂಧೂ ನಾಗರಿಕತೆಯ ಜನ ಗೋಧಿ, ಬಾರ್ಲಿಯನ್ನು ಚಳಿಗಾಲದ ಬೆಳೆಯಾಗಿ ಬೆಳೆಯುತ್ತಿದ್ದರು. ಉತ್ತರಾಖಂಡದ ಧರಮ್‌ಜಲಿ ಗುಹೆಯ ಸುಣ್ಣದ ಕಲ್ಲಿನ ಪದರಗಳನ್ನು ಓದಿದ ವಿಜ್ಞಾನಿಗಳು 2023ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಸುಮಾರು 4,200 ವರ್ಷಗಳ ಹಿಂದೆ ಬೇಸಿಗೆಯ ಮಳೆಯ ಜೊತೆಗೆ ಚಳಿಗಾಲದ ಮಳೆಯೂ ಮತ್ತೆ ಮತ್ತೆ ಕೈಕೊಟ್ಟಿತ್ತು. ಸಿಂಧೂ ನಗರಗಳು ಬರಿದಾಗತೊಡಗಿದ ಕಾಲವೂ ಹೆಚ್ಚುಕಡಿಮೆ ಅದೇ.

ಮೋಡದ ಬಸಿರು

ಚಳಿಗಾಲದ ಆಕಾಶವನ್ನು ಓದುವ ಶಾಸ್ತ್ರವೊಂದನ್ನು 6ನೇ ಶತಮಾನದಲ್ಲಿ ಉಜ್ಜಯಿನಿಯ ವರಾಹಮಿಹಿರ 'ಬೃಹತ್ಸಂಹಿತೆ'ಯಲ್ಲಿ ಬರೆದಿಟ್ಟ. ಅವನ ಪ್ರಕಾರ ಮುಂಗಾರಿನ ಮಳೆ ಮುಂಗಾರಿನಲ್ಲಿ ಹುಟ್ಟುವುದಿಲ್ಲ. ಮಾರ್ಗಶಿರದಿಂದಲೇ ಮೋಡ ಗರ್ಭ ಕಟ್ಟಲು ಶುರುವಾಗುತ್ತದೆ. ಗರ್ಭ ನಿಂತ 195 ದಿನಕ್ಕೆ ಪ್ರಸವ, ಅಂದರೆ ಮಳೆ. ಚಳಿಗಾಲದ ಪ್ರತಿ ತಿಂಗಳಿಗೂ ಒಳ್ಳೆಯ ಬಸಿರಿನ ಲಕ್ಷಣಗಳನ್ನು ಅವನು ಬೇರೆಬೇರೆಯಾಗಿ ಹೇಳುತ್ತಾನೆ. ಮಾರ್ಗಶಿರದಲ್ಲಿ ಚಳಿ ಅತಿಯಾಗಬಾರದು. ಮಾಘದಲ್ಲಿ ಮಾತ್ರ ಚಳಿ ಜೋರಾಗಿರಬೇಕು, ಗಾಳಿ ಬೀಸಬೇಕು, ಹಿಮದಿಂದ ಸೂರ್ಯ ಚಂದ್ರರ ಬೆಳಕು ಮಂಕಾಗಬೇಕು. ಅಂದರೆ ಮಾಘದಲ್ಲಿ ಬೆಚ್ಚಗಿನ ವಾರ ಅವನ ಲೆಕ್ಕದಲ್ಲಿ ಶುಭವಲ್ಲ. ಗರ್ಭ ಕಟ್ಟುವ ಕಾಲದಲ್ಲೇ ಅತಿಯಾಗಿ ಮಳೆ ಸುರಿದರೆ ಅದು ಗರ್ಭಪಾತ.

ಈಗಲೇ ಬರಲಿರುವ ಮಳೆಗೆ ಅವನದು ಬೇರೆಯೇ ಪಟ್ಟಿ. ಇರುವೆಗಳು ಮೊಟ್ಟೆ ಹೊತ್ತು ಸಾಗುವುದು, ಬೆಕ್ಕು ಉಗುರಿನಿಂದ ನೆಲ ಕೆರೆಯುವುದು, ಲೋಹಕ್ಕೆ ಕಿಲುಬು ಹಿಡಿದು ವಾಸನೆ ಬರುವುದು, ಬೀದಿಯಲ್ಲಿ ಮಕ್ಕಳು ಕಟ್ಟೆ ಕಟ್ಟಿ ಆಡುವುದು. ಇವುಗಳಲ್ಲಿ ಕೆಲವಕ್ಕಾದರೂ ಕಾರಣ ಊಹಿಸುವುದು ಕಷ್ಟವಲ್ಲ. ಗಾಳಿಯಲ್ಲಿ ತೇವ ಏರಿದ್ದನ್ನು ಮನುಷ್ಯನಿಗಿಂತ ಮೊದಲು ಇರುವೆಯೂ ಕಬ್ಬಿಣವೂ ತಿಳಿಯುತ್ತವೆ.

ಈ ಬಗೆಯ ಅರಿವು ಕನ್ನಡಕ್ಕೂ ಬಂತು. 1300ರ ಸುಮಾರಿನ ರಟ್ಟಕವಿ ಮಳೆ, ಸಿಡಿಲು, ಭೂಕಂಪ, ಗ್ರಹ, ಶಕುನಗಳನ್ನು ಕುರಿತು 'ರಟ್ಟಮತ' ಬರೆದ. ಮುಂದಿನ ಶತಮಾನದಲ್ಲಿ ಅದು ತೆಲುಗಿಗೂ ಹೋಯಿತು. ತಮಿಳಿನಲ್ಲಿ ಮೋಡದ ಬಸಿರಿನ ಲೆಕ್ಕ ಇಂದಿಗೂ ಪಂಚಾಂಗದಲ್ಲಿ ಉಳಿದಿದೆ. ಧನುರ್ಮಾಸದಲ್ಲಿ ಸೂರ್ಯ ಪೂರ್ವಾಷಾಢದಲ್ಲಿರುವ ಸುಮಾರು ಹದಿನಾಲ್ಕು ದಿನಗಳನ್ನು ಅಲ್ಲಿ 'ಗರ್ಭೋಟ್ಟಂ' ಎನ್ನುತ್ತಾರೆ. ಆ ದಿನಗಳ ಮೋಡ ನೋಡಿ ಮುಂದಿನ ವರ್ಷದ ಮಳೆ ಅಳೆಯುವವರು ಚೆನ್ನೈ ಸುತ್ತಮುತ್ತ ಈಗಲೂ ಸಿಗುತ್ತಾರೆ.

ತಂತಿ ಮತ್ತು ಬಲೂನು

1864ರಲ್ಲಿ ಕಲ್ಕತ್ತೆಯನ್ನು ಚಂಡಮಾರುತ ನೆಲಕ್ಕೆ ಒಗೆಯಿತು. 1866 ಮತ್ತು 1871ರಲ್ಲಿ ಮುಂಗಾರು ಕೈಕೊಟ್ಟಿತು. ಈ ಪೆಟ್ಟುಗಳ ನಂತರ, 1875ರಲ್ಲಿ ಭಾರತದ ಹವಾಮಾನ ಇಲಾಖೆ ಹುಟ್ಟಿತು. ಅದರ ಮೊದಲ ಮುಖ್ಯಸ್ಥ ಹೆನ್ರಿ ಬ್ಲಾನ್‌ಫೋರ್ಡ್. 1884ರಲ್ಲಿ ಆತ ಮಂಡಿಸಿದ ವಾದ ಹೀಗಿತ್ತು: ಚಳಿಗಾಲದಲ್ಲಿ, ಅದರ ಬೆನ್ನಿನ ವಸಂತದಲ್ಲಿ ಹಿಮಾಲಯಕ್ಕೆ ಹಿಮ ಹೆಚ್ಚು ಬಿದ್ದರೆ ಮುಂದಿನ ಮುಂಗಾರು ಸೊರಗುತ್ತದೆ. ವರಾಹಮಿಹಿರನ ಗರ್ಭಪಾತದ ಮಾತನ್ನು ಬಲ್ಲವರಿಗೆ ಇದು ಎಲ್ಲೋ ಕೇಳಿದಂತೆ ಅನ್ನಿಸದಿರದು. ಇಬ್ಬರ ತರ್ಕ ಬೇರೆ, ಒಬ್ಬರಿಂದ ಇನ್ನೊಬ್ಬರು ಪಡೆದದ್ದೂ ಅಲ್ಲ. ಆದರೆ ಚಳಿಗಾಲದ ಆಕಾಶಕ್ಕೂ ಆಷಾಢದ ಹೊಲಕ್ಕೂ ನಂಟಿದೆ ಎಂದು ಇಬ್ಬರೂ ಹುಡುಕಿದ್ದರು. ಬ್ಲಾನ್‌ಫೋರ್ಡ್ ಕಂಡ ನಂಟು ಆತ ನಂಬಿದಷ್ಟು ಗಟ್ಟಿಯಲ್ಲ ಎಂದು ಮುಂದಿನ ವರ್ಷಗಳು ತೋರಿಸಿದವು.

ಇತ್ತ ತಂತಿ ಟಪಾಲು ಬೇರೊಂದನ್ನು ಬಯಲಿಗೆ ತಂದಿತು. ಒಂದು ಊರಿನಲ್ಲಿ ನಿಂತು ನೋಡುವವನಿಗೆ ಬೆಚ್ಚಗಿನ ದಿನ, ಮೋಡ, ಮಳೆ, ಚಳಿ ಒಂದಾದ ಮೇಲೊಂದು ನಡೆಯುವ ಘಟನೆಗಳು. ಅದೇ ಕ್ವೆಟ್ಟಾ, ಪೇಶಾವರ, ಲಾಹೋರ್, ದೆಹಲಿಗಳ ವಾಯುಭಾರವನ್ನು ಒಂದೇ ನಕ್ಷೆಯ ಮೇಲೆ ಗುರುತಿಸಿದರೆ, ನಾಲ್ಕೂ ಒಂದೇ ವಸ್ತುವಿನ ಭಾಗಗಳು. ಪಶ್ಚಿಮದಿಂದ ಪೂರ್ವಕ್ಕೆ ಒಂದು ಕಡಿಮೆ ಒತ್ತಡದ ಪ್ರದೇಶ ನಡೆದು ಬರುತ್ತಿದೆ. ಇಲಾಖೆ ಅದಕ್ಕೆ 'ವೆಸ್ಟರ್ನ್ ಡಿಸ್ಟರ್ಬೆನ್ಸ್' ಎಂದು ಹೆಸರಿಟ್ಟಿತು. ಹಿಂದಿ ಸುದ್ದಿಯಲ್ಲಿ ಪ್ರತಿ ಚಳಿಗಾಲ ಕೇಳುವ 'ಪಶ್ಚಿಮೀ ವಿಕ್ಷೋಭ್' ಇದೇ.

ನೆಲದ ಮೇಲಿನ ಲೆಕ್ಕ ಅಷ್ಟಕ್ಕೇ ನಿಲ್ಲುತ್ತಿತ್ತು. ಮೇಲಿನ ಗಾಳಿಯನ್ನು ತಿಳಿಯಲು ಆಗ್ರಾದಲ್ಲಿ ಒಂದು ವೀಕ್ಷಣಾಲಯ ನಡೆಯಿತು. ಅಲ್ಲಿಂದ ಬಲೂನುಗಳು ಉಪಕರಣ ಹೊತ್ತು ಏರುತ್ತಿದ್ದವು. ಅವುಗಳ ಮಾಹಿತಿ ಬಳಸಿ ಕೆ. ಆರ್. ರಾಮನಾಥನ್ 1929ರಲ್ಲಿ ಉಷ್ಣವಲಯದ ಮೇಲಿನ ವಾತಾವರಣದ ಬಗ್ಗೆ ಜಗತ್ತು ಗಮನಿಸಿದ ಲೇಖನ ಬರೆದರು. 1947ರಲ್ಲಿ ಮುಲ್ ಮತ್ತು ದೇಸಾಯಿ ವಾಯವ್ಯ ಭಾರತದ ಚಳಿಗಾಲದ ಮಳೆಯ ಮೂಲ ಮತ್ತು ರಚನೆಯನ್ನು ವಿವರಿಸಿದರು. ಅದೇ ವರ್ಷ ದೇಶ ಒಡೆದು, ಆ ಮಳೆಯನ್ನು ಮೊದಲು ಕಾಣುತ್ತಿದ್ದ ಕ್ವೆಟ್ಟಾ, ಪೇಶಾವರಗಳು ಗಡಿಯಾಚೆ ಉಳಿದವು. 1956ರಲ್ಲಿ ಪಿ. ಆರ್. ಪಿಶರೋಟಿ ಮತ್ತು ದೇಸಾಯಿ ಬರೆದ ಲೇಖನ, ಇವುಗಳ ಬೇರು ಮೇಲಿನ ಪಶ್ಚಿಮದ ಗಾಳಿಯ ಅಲೆಗಳಲ್ಲಿದೆ ಎಂಬುದನ್ನು ಇನ್ನಷ್ಟು ಸ್ಪಷ್ಟ ಮಾಡಿತು. ಚಳಿಗಾಲದಲ್ಲಿ ಉತ್ತರ ಭಾರತದ ಮೇಲೆ, ಸುಮಾರು 12 ಕಿಲೋಮೀಟರ್ ಎತ್ತರದಲ್ಲಿ, ಪಶ್ಚಿಮದಿಂದ ಪೂರ್ವಕ್ಕೆ ವೇಗದ ಗಾಳಿ ಹೊಳೆಯಂತೆ ಹರಿಯುತ್ತದೆ. ಮೆಡಿಟರೇನಿಯನ್ ಕಡೆಯಿಂದ ಹೊರಟ ಸುಳಿಗಳು ಅದರ ಜೊತೆ ತೇಲಿ ಬರುತ್ತವೆ. ಚಳಿಗಾಲದ ತಿಂಗಳಿಗೆ ನಾಲ್ಕರಿಂದ ಆರು ಬರುವುದು ವಾಡಿಕೆ.

ಬೆಚ್ಚಗಿನ ದಿನಗಳ ಗುಟ್ಟೂ ಇಲ್ಲೇ ಇದೆ. ಕಡಿಮೆ ಒತ್ತಡ ಇನ್ನೂ ಪಶ್ಚಿಮದಲ್ಲಿರುವಾಗಲೇ ಅದು ತನ್ನ ಮುಂದಿನ ಗಾಳಿಯನ್ನು ಎಳೆಯತೊಡಗುತ್ತದೆ. ವಾಯವ್ಯದ ಒಣ ಚಳಿಗಾಳಿ ನಿಂತು ದಕ್ಷಿಣ, ಆಗ್ನೇಯದ ಬೆಚ್ಚಗಿನ ತೇವದ ಗಾಳಿ ಬೀಸುತ್ತದೆ. ಅರಬ್ಬೀ ಸಮುದ್ರದ ತೇವವೂ ಅದರಲ್ಲಿ ಸೇರುತ್ತದೆ. ಎತ್ತರದ ಮೋಡ ಕಂಬಳಿಯಂತೆ ಹೊದ್ದು, ರಾತ್ರಿ ನೆಲ ಬಿಡುವ ಶಾಖವನ್ನು ತಡೆಯುತ್ತದೆ. ಸುಳಿ ದಾಟಿದ ಮೇಲೆ ಆಕಾಶ ತಿಳಿಯಾಗಿ, ಅದರ ಬೆನ್ನ ಹಿಂದಿನ ಚಳಿಗಾಳಿ ನುಗ್ಗುತ್ತದೆ. ಒಂದು ಸುಳಿ ಎರಡು ಮೂರು ದಿನದಲ್ಲಿ ಮುಗಿಯುವಂಥದ್ದು. ಆದರೆ ಒಂದು ದುರ್ಬಲವಾಗಿ ಹಾದುಹೋಗಿ, ಚಳಿಗಾಳಿ ಒಳಬರುವ ಮೊದಲೇ ಇನ್ನೊಂದು ಬಂದರೆ, ಬೆಚ್ಚಗಿನ ದಿನಗಳು ವಾರಕ್ಕೆ ಚಾಚುತ್ತವೆ. ಮಳೆಗೆ ಮುಂಚಿನ ಆ ಬೆಚ್ಚಗೆ ಮಳೆಯಿಂದ ಬೇರೆಯಲ್ಲ, ಅದು ಮಳೆಯ ಮೊದಲ ಹೆಜ್ಜೆ.

ನೀರು ಬಿಡುವುದೋ ಬೇಡವೋ

ನಗರದಲ್ಲಿ ಇದರಿಂದ ಏರುಪೇರಾಗುವುದು ಹೆಚ್ಚೆಂದರೆ ರಜಾಯಿ. ಗೋಧಿ ಹೊಲದಲ್ಲಿ ಆಗುವುದು ಬೇರೆ. ತೆನೆ ಹಾಲು ತುಂಬುವ ಹೊತ್ತಿಗೆ ಬಿಸಿ ಏರಿದರೆ ಕಾಳು ಬೇಗ ಬಲಿತು ಜೊಳ್ಳಾಗುತ್ತದೆ. ಕಾಪಾಡಲು ನೀರು ಬಿಡಬೇಕು. ಆದರೆ ನೀರು ಕುಡಿದ ಮೆದು ಮಣ್ಣಿನಲ್ಲಿ ನಿಂತ ಪೈರಿನ ಮೇಲೆ ಮಳೆಗಾಳಿ ಬಡಿದರೆ ಇಡೀ ಹೊಲ ನೆಲಕ್ಕೆ ಮಲಗುತ್ತದೆ. ಹಾಗಾಗಿ ಬೆಚ್ಚಗಿನ ವಾರ ಬಂದರೆ ರೈತನಿಗೆ ಒಂದೇ ಪ್ರಶ್ನೆ: ಇದರ ಹಿಂದೆ ಮಳೆ ಇದೆಯೋ ಇಲ್ಲವೋ? ಇದೆ ಎಂದಾದರೆ ಕೈಕಟ್ಟಿ ಕಾಯಬೇಕು. ಇಲ್ಲವಾದರೆ ಇಂದು ರಾತ್ರಿಯೇ ಮೋಟಾರ್ ಹಾಕಬೇಕು. 1932ರಲ್ಲಿ ಎಲ್. ಎ. ರಾಮದಾಸ್ ಅವರ ನೇತೃತ್ವದಲ್ಲಿ ಪುಣೆಯಲ್ಲಿ ಶುರುವಾದ ಕೃಷಿ ಹವಾಮಾನ ವಿಭಾಗ ಬೆಳೆದು ಬಂದದ್ದು ಇಂಥ ಪ್ರಶ್ನೆಗಳ ಬೆನ್ನು ಹತ್ತಿಯೇ. ಈಗ ವಾರಕ್ಕೆರಡು ಬಾರಿ, ಮಂಗಳವಾರ ಮತ್ತು ಶುಕ್ರವಾರ, ರೈತರಿಗೆ ಹವಾಮಾನ ಸಲಹೆ ಹೊರಡುತ್ತದೆ.

2022ರ ಮಾರ್ಚ್‌ನಲ್ಲಿ ಬಿಸಿ ಬಂತು, ಮಳೆ ಬರಲಿಲ್ಲ. ದೇಶದ ಸರಾಸರಿ ಗರಿಷ್ಠ ತಾಪಮಾನ 33.1 ಡಿಗ್ರಿಗೆ ಏರಿ, 1901ರಿಂದ ಈಚೆಗಿನ ದಾಖಲೆಯಲ್ಲೇ ಅತಿ ಬಿಸಿಯ ಮಾರ್ಚ್ ಆಯಿತು. ಮಳೆ ವಾಡಿಕೆಗಿಂತ 71 ಶೇಕಡಾ ಕಡಿಮೆ. ಗೋಧಿಯ ಅಂದಾಜು 11.13 ಕೋಟಿ ಟನ್‌ನಿಂದ 10.64 ಕೋಟಿ ಟನ್‌ಗೆ ಇಳಿಯಿತು. ಮೇ 13ರಂದು ಸರ್ಕಾರ ಗೋಧಿಯ ರಫ್ತು ನಿಲ್ಲಿಸಿತು.

ಮರುವರ್ಷ ಫೆಬ್ರವರಿಯೇ ದಾಖಲೆ ಮುರಿಯಿತು: 29.54 ಡಿಗ್ರಿ, 1901ರಿಂದ ಈಚೆಗೆ ಅತಿ ಬಿಸಿಯ ಫೆಬ್ರವರಿ. ಹಿಂದಿನ ವರ್ಷದ ಪೆಟ್ಟು ನೆನಪಿದ್ದ ಕೇಂದ್ರ ಸರ್ಕಾರ, ಗೋಧಿಯ ಮೇಲೆ ನಿಗಾ ಇಡಲು ಸಮಿತಿ ನೇಮಿಸಿತು. ಎಲ್ಲರೂ ಬಿಸಿಗೆ ಹೆದರಿ ಕುಳಿತಿದ್ದಾಗ ಮಾರ್ಚ್‌ನಲ್ಲಿ ಬಂದದ್ದು ಮಳೆ, ಗಾಳಿ, ಆಲಿಕಲ್ಲು. ಕೊಯ್ಲಿಗೆ ಬಂದ ಪೈರು ಪಂಜಾಬ್, ಹರಿಯಾಣ, ರಾಜಸ್ಥಾನ, ಮಧ್ಯಪ್ರದೇಶಗಳಲ್ಲಿ ಮಲಗಿತು. ಹೊಳಪು ಕಳೆದುಕೊಂಡ, ಸುಕ್ಕಿದ ಕಾಳನ್ನೂ ಕೊಳ್ಳಲು ಸರ್ಕಾರ ಖರೀದಿಯ ನಿಯಮ ಸಡಿಲಿಸಬೇಕಾಯಿತು.

ಎರಡು ವರ್ಷ, ಎರಡು ಬೆಚ್ಚನೆ ಕಾಲ, ಎರಡು ಬೇರೆ ಫಲ. ಮೊದಲನೆಯದರಲ್ಲಿ ಮಳೆಗಾಗಿ ಕಾದವನು ಸೋತ. ಎರಡನೆಯದರಲ್ಲಿ ಹಿಂದಿನ ವರ್ಷದ ಪಾಠ ನೆನೆದು ನೀರು ಬಿಟ್ಟವನೂ ಗೆಲ್ಲಲಿಲ್ಲ. ಮೊದಲು ಚಳಿಗಾಲದ ಬೆಚ್ಚಗೆ ಬಹುಮಟ್ಟಿಗೆ ಒಂದೇ ಕಡೆಯಿಂದ ಬರುತ್ತಿತ್ತು, ಪಶ್ಚಿಮದಿಂದ ನಡೆದು ಬರುವ ಮಳೆಯ ಕಡೆಯಿಂದ. ಈಗ ಇಡೀ ಭೂಮಿಯೇ ಬಿಸಿಯೇರುತ್ತಿರುವುದರಿಂದ ಮಳೆಯ ಹಂಗಿಲ್ಲದ ಬೆಚ್ಚಗೆಯೂ ಬರುತ್ತದೆ. ಮೈಗೆ ಎರಡೂ ಒಂದೇ. ಬೇರೆ ಮಾಡಿ ನೋಡಲು ಗಾಳಿಯ ದಿಕ್ಕು, ಮೋಡದ ಎತ್ತರ, ಗಡಿಯಾಚೆಯ ವಾಯುಭಾರ, ಉಪಗ್ರಹದ ಚಿತ್ರ ಬೇಕು.

ಮೀರತ್‌ನ ಹೊಲದ ಬದುವಿನಲ್ಲಿ ನಿಂತವರು ಈಗಲೂ ಮೊದಲು ನೋಡುವುದು ಆಕಾಶವನ್ನೇ. ಆಮೇಲೆ ಜೇಬಿನಿಂದ ಫೋನ್ ತೆಗೆದು ಶುಕ್ರವಾರದ ಸಲಹೆ ಬಂದಿದೆಯೇ ಎಂದು ನೋಡುತ್ತಾರೆ. ಎರಡೂ ಒಂದೇ ಮಾತು ಹೇಳಿದ ದಿನ ಮೋಟಾರ್ ಹಾಕುವುದೋ ಬಿಡುವುದೋ ತೀರ್ಮಾನ ಸುಲಭ. ಹೇಳದ ದಿನಗಳೇ ಹೆಚ್ಚುತ್ತಿವೆ.