ಮಗ್ಗುಲ ನಿದ್ರೆ ಮತ್ತು ತಲೆದಿಂಬು: ಒಂದು ಐತಿಹಾಸಿಕ ಅವಲೋಕನ

ಮನುಷ್ಯನು ತನ್ನ ಆಯುಷ್ಯದ ಸುಮಾರು ಮೂರರಲ್ಲೊಂದು ಭಾಗವನ್ನು ನಿದ್ರೆಯಲ್ಲಿ ಕಳೆಯುತ್ತಾನೆ. ಹೇಗೆ ನಡೆಯಬೇಕು, ಹೇಗೆ ನುಡಿಯಬೇಕು, ಹೇಗೆ ಉಣ್ಣಬೇಕು ಎಂಬುದನ್ನು ಸೂಕ್ಷ್ಮವಾಗಿ ವಿವೇಚಿಸಿದ ಆಚಾರ್ಯರು ಹೇಗೆ ಮಲಗಬೇಕೆಂಬುದನ್ನೂ ಬಿಡದೆ ಹೇಳಿದ್ದಾರೆ. ಇಂದಿನ ಮಾರುಕಟ್ಟೆಯೂ ಅದೇ ವಿಷಯವನ್ನು ಎತ್ತಿಕೊಂಡಿದೆ. ಮಗ್ಗುಲಾಗಿ ಮಲಗುವವರಿಗೆಂದೇ ರೂಪಿಸಿದ, ಗೊರಕೆಯನ್ನು ನಿಲ್ಲಿಸುವ, ನಿದ್ರೆಯಲ್ಲಿ ಉಸಿರು ಕಟ್ಟುವ ಸ್ಲೀಪ್ ಆಪ್ನಿಯಾ ಎಂಬ ವ್ಯಾಧಿಯನ್ನು ಗುಣಪಡಿಸುವ ದಿಂಬುಗಳೆಂದು ಹೇಳಿ ಬಗೆಬಗೆಯ ಸರಕುಗಳನ್ನು ಮಾರಲಾಗುತ್ತಿದೆ. ಈ ಮಾತಿನಲ್ಲಿ ಸತ್ಯವೆಷ್ಟು, ಅತಿಶಯವೆಷ್ಟು? ಮಗ್ಗುಲ ಶಯನಕ್ಕೆ ನಮ್ಮ ಪರಂಪರೆಯಲ್ಲಿರುವ ಸ್ಥಾನಕ್ಕೂ ಇಂದಿನ ವೈದ್ಯರು ಹೇಳುವ ಮಗ್ಗುಲ ಶಯನಕ್ಕೂ ಸಂಬಂಧವೇನು? ಈ ಎರಡು ಪ್ರಶ್ನೆಗಳನ್ನು ಇತಿಹಾಸದ ಬೆಳಕಿನಲ್ಲಿ ನೋಡುವುದು ಉಚಿತ.

ಆಗಮಗಳಲ್ಲಿ ಶಯನವಿಧಿ

ದಿಗಂಬರ ಮುನಿಗಳ 28 ಮೂಲಗುಣಗಳಲ್ಲಿ ಕ್ಷಿತಿಶಯನವೂ ಒಂದು. ವಟ್ಟಕೇರಾಚಾರ್ಯರ ‘ಮೂಲಾಚಾರ’ವು ಇದರ ಲಕ್ಷಣವನ್ನು ಕೆಲವೇ ಶಬ್ದಗಳಲ್ಲಿ ಹೇಳುತ್ತದೆ. ಸ್ಥಳವು ಜೀವರಹಿತವಾಗಿರಬೇಕು, ಮರೆಯಾಗಿರಬೇಕು, ಹಾಸು ಅತ್ಯಲ್ಪವಾಗಿರಬೇಕು. ದಂಡದಂತೆ ನೇರವಾಗಿಯೋ ಧನುಸ್ಸಿನಂತೆ ಬಾಗಿಯೋ ಒಂದೇ ಪಾರ್ಶ್ವದಲ್ಲಿ ಮಲಗಬೇಕು. ಇಲ್ಲಿ ದಿಂಬಿನ ಮಾತೇ ಇಲ್ಲ. ಶ್ವೇತಾಂಬರ ಪರಂಪರೆಯ ಸಂಥಾರಾ ಪೋರಿಸಿಯಲ್ಲಿ ದಿಂಬಿನ ಉಲ್ಲೇಖವುಂಟು, ಆದರೆ ಅಲ್ಲಿ ಮಲಗುವವನ ತೋಳೇ ದಿಂಬು. ತೋಳನ್ನು ತಲೆಗಿಟ್ಟುಕೊಂಡು ಎಡ ಮಗ್ಗುಲಿಗೆ ಮಲಗಬೇಕು. ಕಾಲನ್ನು ಮಡಿಸುವಾಗಲೂ ಹೊರಳುವಾಗಲೂ ಮೊದಲು ನೋಡಿ, ಪ್ರಮಾರ್ಜನ ಮಾಡಿಕೊಳ್ಳಬೇಕು.

ಈ ವಿಧಿಯ ಉದ್ದೇಶವನ್ನು ತಪ್ಪಾಗಿ ತಿಳಿಯಬಾರದು. ಮೈಚಾಚಿ ಹೊರಳಾಡುವ ದೇಹವು ಇರುವೆ ಮೊದಲಾದ ಸಣ್ಣ ಜೀವಿಗಳನ್ನು ತುಳಿಯುತ್ತದೆ. ಒಂದೇ ಮಗ್ಗುಲಲ್ಲಿ ಮಿತವಾಗಿ ಮಲಗಿದ ದೇಹವು ಕಡಿಮೆ ಸ್ಥಳವನ್ನು ಆಕ್ರಮಿಸುತ್ತದೆ; ಅದರ ನಿದ್ರೆಯೂ ಜಾಗೃತವಾಗಿರುತ್ತದೆ. ಅಹಿಂಸೆ, ಅಪ್ರಮಾದ, ದೇಹಸುಖದಲ್ಲಿ ಅನಾಸಕ್ತಿ, ಇವೇ ಅದರ ತಾತ್ಪರ್ಯ. ಬೌದ್ಧರು ಬಲ ಮಗ್ಗುಲ ಶಯನವನ್ನು ಸಿಂಹಶಯ್ಯೆಯೆಂದು ಕರೆದರು. ಊಟದ ನಂತರ ಎಡಕ್ಕೆ ಒರಗುವ ವಾಮಕುಕ್ಷಿಯಂತೂ ಕನ್ನಡದ ಮನೆಮಾತೇ ಆಗಿದೆ. ಒಂದೇ ಭಂಗಿಯನ್ನು ಬೇರೆ ಬೇರೆಯವರು ಬೇರೆ ಬೇರೆ ಕಾರಣಗಳಿಗಾಗಿ ಆರಿಸಿಕೊಂಡರು.

ನಿದ್ರೆಯ ವಿಚಾರದಲ್ಲಿ ಜೈನ ಕರ್ಮಸಿದ್ಧಾಂತವು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ದರ್ಶನಾವರಣೀಯ ಕರ್ಮದ ಒಂಬತ್ತು ಭೇದಗಳಲ್ಲಿ ಐದು ನಿದ್ರೆಗೇ ಸೇರಿದವು: ನಿದ್ರಾ, ನಿದ್ರಾನಿದ್ರಾ, ಪ್ರಚಲಾ, ಪ್ರಚಲಾಪ್ರಚಲಾ, ಸ್ತ್ಯಾನಗೃದ್ಧಿ. ಕುಳಿತವನನ್ನೂ ಹಿಡಿದು ಕಣ್ಣು ಮೈಗಳಲ್ಲಿ ವಿಕಾರವನ್ನು ತೋರಿಸುವ ನಿದ್ರೆಯು ಪ್ರಚಲಾ ಎಂದು ಪೂಜ್ಯಪಾದಾಚಾರ್ಯರು ‘ಸರ್ವಾರ್ಥಸಿದ್ಧಿ’ಯಲ್ಲಿ ವಿವರಿಸುತ್ತಾರೆ. ಹತ್ತನೆಯ ಶತಮಾನದಲ್ಲಿ, ಚಾವುಂಡರಾಯನ ಕಾಲದಲ್ಲಿ, ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ರಚಿಸಿದ ‘ಗೊಮ್ಮಟಸಾರ’ದ ಕರ್ಮಕಾಂಡವು ಬಾಯಿಂದ ಲಾಲಾರಸ ಸುರಿಯುವುದನ್ನೂ ಅಂಗಾಂಗಗಳು ಅಲುಗುವುದನ್ನೂ ಪ್ರಚಲಾಪ್ರಚಲೆಯ ಲಕ್ಷಣವಾಗಿ ಹೇಳುತ್ತದೆ. ಮಲಗಿದವನನ್ನು ಇಷ್ಟು ಎಚ್ಚರದಿಂದ ಗಮನಿಸಿದ ಪರಂಪರೆ ಇದು. ಆದರೆ ಇದು ಕರ್ಮದ ವರ್ಗೀಕರಣವೇ ಹೊರತು ರೋಗನಿದಾನವಲ್ಲ. ಇಂದಿನ ವ್ಯಾಧಿಯ ಹೆಸರನ್ನು ಹಿಂದಿನ ಗಾಥೆಯ ಮೇಲೆ ಅಂಟಿಸಿ ‘ಎಲ್ಲವೂ ನಮ್ಮವರಿಗೆ ತಿಳಿದಿತ್ತು’ ಎಂದು ಹೆಮ್ಮೆಪಡುವುದು ಶಾಸ್ತ್ರಕ್ಕೂ ಗೌರವವಲ್ಲ, ವಿಜ್ಞಾನಕ್ಕೂ ನ್ಯಾಯವಲ್ಲ.

ದಿಂಬು ನಡೆದು ಬಂದ ದಾರಿ

ಗೃಹಸ್ಥನ ದಿಂಬಿಗೆ ಬೇರೆಯೇ ಚರಿತ್ರೆಯಿದೆ. ಪ್ರಾಚೀನ ಈಜಿಪ್ಟಿನವರು ಮರದ, ಕಲ್ಲಿನ, ದಂತದ ತಲೆಯಾಸರೆಗಳನ್ನು ಬಳಸುತ್ತಿದ್ದರು. 1922ರಲ್ಲಿ ಹೊವಾರ್ಡ್ ಕಾರ್ಟರ್ ಪತ್ತೆಹಚ್ಚಿದ ಟುಟಾಂಖಾಮನ್ ದೊರೆಯ ಸಮಾಧಿಯಲ್ಲಿ ಅಂಥ ಹಲವು ದೊರೆತವು. ಅವುಗಳಲ್ಲಿ ದಂತದ ಒಂದರಲ್ಲಿ ವಾಯುದೇವತೆಯಾದ ಶೂ ತನ್ನ ಎರಡೂ ತೋಳುಗಳಿಂದ ಆಸರೆಯನ್ನು ಎತ್ತಿ ಹಿಡಿದಿದ್ದಾನೆ. ಚೀನಾದಲ್ಲಿ ಸಾಂಗ್ ರಾಜವಂಶದ ಕಾಲದಲ್ಲಿ, ಅಂದರೆ 960ರಿಂದ 1279ರ ನಡುವೆ, ಪಿಂಗಾಣಿಯ ದಿಂಬುಗಳು ಹೇರಳವಾಗಿ ತಯಾರಾದವು. ಇಂಗ್ಲೆಂಡಿನ ವಿಲಿಯಂ ಹ್ಯಾರಿಸನ್ 1577ರ ತನ್ನ ಗ್ರಂಥದಲ್ಲಿ ಊರಿನ ಹಿರಿಯರ ಮಾತನ್ನು ದಾಖಲಿಸುತ್ತಾನೆ. ಅವರ ಪ್ರಕಾರ ಹಿಂದೆ ಜನರು ಮರದ ದಿಮ್ಮಿಯನ್ನೇ ತಲೆಗಿಟ್ಟು ಮಲಗುತ್ತಿದ್ದರು. ಮೆತ್ತನೆಯ ದಿಂಬು ಹೆರಿಗೆಯ ಹೆಂಗಸರಿಗೆ ಮಾತ್ರ ತಕ್ಕದ್ದೆಂದು ಭಾವಿಸಲಾಗಿತ್ತು.

ಕರ್ನಾಟಕದ ಮನೆಗಳಲ್ಲಿ ಹತ್ತಿಯ ಹಾಗೂ ಬೂರುಗದ ಅರಳೆಯ ದಿಂಬುಗಳು ಬಳಕೆಯಲ್ಲಿದ್ದವು. ಪಿಂಜಾರರು ಬಿಲ್ಲನ್ನು ಹೊತ್ತು ಊರೂರು ತಿರುಗಿ, ಗಂಟುಕಟ್ಟಿದ ಹಳೆಯ ಹತ್ತಿಯನ್ನು ಹಿಂಜಿ ಮತ್ತೆ ತುಂಬಿಕೊಡುತ್ತಿದ್ದರು. ದಿಂಬು ತಗ್ಗಾದರೆ ಹತ್ತಿ ಸೇರಿಸುವುದು, ಎತ್ತರವಾದರೆ ತೆಗೆಯುವುದು ಮನೆಯವರ ಇಚ್ಛೆಗೆ ಬಿಟ್ಟದ್ದಾಗಿತ್ತು. ಇಪ್ಪತ್ತನೆಯ ಶತಮಾನದಲ್ಲಿ ಈ ಸ್ಥಿತಿ ಬದಲಾಯಿತು. 1920ರ ದಶಕದ ಕೊನೆಗೆ ಡನ್‌ಲಪ್ ಸಂಸ್ಥೆಯಲ್ಲಿ ರಬ್ಬರಿನ ಹಾಲಿನಿಂದ ನೊರೆಯಂಥ ಮೆತ್ತೆ ಸಿದ್ಧವಾಯಿತು. 1966ರಲ್ಲಿ ಅಮೆರಿಕದ ನಾಸಾ ಸಂಸ್ಥೆಗಾಗಿ ಚಾರ್ಲ್ಸ್ ಯೋಸ್ಟ್ ಎಂಬ ಎಂಜಿನಿಯರು ವಿಮಾನದ ಆಸನಗಳಿಗೆಂದು ಒತ್ತಡಕ್ಕೆ ನಿಧಾನವಾಗಿ ತಗ್ಗಿ, ಒತ್ತಡ ಹೋದಾಗ ನಿಧಾನವಾಗಿ ಏರುವ ಫೋಮನ್ನು ರೂಪಿಸಿದನು. ಇಂದು ಮೆಮೊರಿ ಫೋಮ್ ಎಂದು ಮಾರಾಟವಾಗುವುದು ಇದೇ. ಬೇಕಾದ ಆಕಾರಕ್ಕೆ ಅಚ್ಚು ಹಾಕಬಲ್ಲ ಈ ವಸ್ತುವಿನಿಂದಲೇ ಮಗ್ಗುಲ ನಿದ್ರೆಯ ವಿಶೇಷ ದಿಂಬುಗಳು ಬಹುಮಟ್ಟಿಗೆ ಸಾಧ್ಯವಾದವು.

ನಗೆಪಾಟಲಿನಿಂದ ರೋಗನಿದಾನಕ್ಕೆ

ಗೊರಕೆಯನ್ನು ಜಗತ್ತು ಬಹುಕಾಲ ನಗೆಯ ವಿಷಯವೆಂದೇ ತಿಳಿದಿತ್ತು. ಚಾರ್ಲ್ಸ್ ಡಿಕನ್ಸ್ 1836–37ರಲ್ಲಿ ಪ್ರಕಟಿಸಿದ ‘ಪಿಕ್‌ವಿಕ್ ಪೇಪರ್ಸ್’ ಕಾದಂಬರಿಯಲ್ಲಿ ಜೋ ಎಂಬ ದಪ್ಪ ಹುಡುಗನೊಬ್ಬನಿದ್ದಾನೆ. ನಿಂತಲ್ಲಿ ಕುಳಿತಲ್ಲಿ ನಿದ್ರಿಸಿ ಗೊರಕೆ ಹೊಡೆಯುವ ಅವನು ಓದುಗರನ್ನು ನಗಿಸುತ್ತಾನೆ. ಸುಮಾರು 120 ವರ್ಷಗಳ ನಂತರ, 1956ರಲ್ಲಿ, ಅಮೆರಿಕದ ವೈದ್ಯ ಸಿಡ್ನಿ ಬರ್ವೆಲ್ ಮತ್ತು ಸಂಗಡಿಗರು ಒಬ್ಬ ವ್ಯವಹಾರಸ್ಥನ ವೃತ್ತಾಂತವನ್ನು ಪ್ರಕಟಿಸಿದರು. ಅತಿ ಸ್ಥೂಲಕಾಯನಾದ ಅವನು ಇಸ್ಪೀಟಿನಾಟದಲ್ಲಿ ಗೆಲ್ಲುವ ಎಲೆಗಳು ಕೈಯಲ್ಲಿದ್ದಾಗಲೇ ನಿದ್ರೆಹೋಗಿ ಪಣವನ್ನು ಕಳೆದುಕೊಂಡು, ಆಮೇಲೆ ಆಸ್ಪತ್ರೆಗೆ ಬಂದಿದ್ದನು. ಈ ಸ್ಥಿತಿಗೆ ಅವರು ಡಿಕನ್ಸನ ಕಾದಂಬರಿಯ ಹೆಸರನ್ನೇ ಕೊಟ್ಟರು. ಆದರೂ ನಿದ್ರೆಯಲ್ಲಿ ಗಂಟಲು ಮುಚ್ಚಿಕೊಳ್ಳುತ್ತದೆಂಬುದು ಆಗ ಅವರಿಗೆ ಹೊಳೆದಿರಲಿಲ್ಲ.

1965ರಲ್ಲಿ ಫ್ರಾನ್ಸಿನ ಗಾಸ್ಟೊ ಮತ್ತು ಸಂಗಡಿಗರೂ ಜರ್ಮನಿಯ ಯುಂಗ್ ಮತ್ತು ಕೂಲೊ ಅವರೂ ಪ್ರತ್ಯೇಕವಾಗಿ ರಾತ್ರಿಯ ಉಸಿರಾಟವನ್ನು ಯಂತ್ರಗಳಿಂದ ದಾಖಲಿಸಿ, ನಿದ್ರೆಯಲ್ಲಿ ಶ್ವಾಸವು ಮತ್ತೆ ಮತ್ತೆ ನಿಲ್ಲುವುದನ್ನು ತೋರಿಸಿದರು. 1970ರ ದಶಕದಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಕ್ರಿಶ್ಚಿಯನ್ ಗಿಯೆಮಿನೊ ಮತ್ತು ಸಂಗಡಿಗರು ಈ ವ್ಯಾಧಿಯ ಸ್ವರೂಪವನ್ನು ಸ್ಪಷ್ಟಪಡಿಸಿದರು. ತೆಳ್ಳಗಿರುವವರಿಗೂ ಮಕ್ಕಳಿಗೂ ಇದು ಬರಬಹುದೆಂಬುದು ಆಗ ತಿಳಿಯಿತು. ಅಲ್ಲಿಯವರೆಗೆ ತೀವ್ರ ರೋಗಿಗಳಿಗಿದ್ದ ಮುಖ್ಯ ಉಪಾಯವೆಂದರೆ ಕೊರಳಿನಲ್ಲಿ ರಂಧ್ರಮಾಡಿ ಉಸಿರಿಗೆ ದಾರಿ ಮಾಡುವ ಶಸ್ತ್ರಚಿಕಿತ್ಸೆ. 1981ರಲ್ಲಿ ಆಸ್ಟ್ರೇಲಿಯಾದ ಕಾಲಿನ್ ಸಲಿವನ್ ಮತ್ತು ಸಂಗಡಿಗರು ಮೂಗಿನ ಮೂಲಕ ಸತತವಾಗಿ ಗಾಳಿಯನ್ನು ಒತ್ತಿ ಗಂಟಲನ್ನು ತೆರೆದಿಡುವ ಸಿಪ್ಯಾಪ್ ವಿಧಾನವನ್ನು ಪ್ರಕಟಿಸಿದರು. ಇಂದಿಗೂ ಮಧ್ಯಮ ಹಾಗೂ ತೀವ್ರ ವ್ಯಾಧಿಗೆ ಪ್ರಧಾನ ಚಿಕಿತ್ಸೆ ಅದೇ.

ವ್ಯಾಧಿಯ ಕ್ರಮ ಹೀಗಿದೆ. ಗಾಢನಿದ್ರೆಯಲ್ಲಿ ಗಂಟಲಿನ ಸ್ನಾಯುಗಳು ಸಡಿಲವಾಗುತ್ತವೆ. ಅಂಗಾತ ಮಲಗಿದಾಗ ನಾಲಗೆಯೂ ಮೃದುವಾದ ಅಂಗುಳೂ ತಮ್ಮ ಭಾರದಿಂದ ಹಿಂದಕ್ಕೆ ಜಾರಿ ಶ್ವಾಸದ ದಾರಿಯನ್ನು ಕಿರಿದುಗೊಳಿಸುತ್ತವೆ. ಕಿರಿದಾದ ದಾರಿಯ ಸದ್ದೇ ಗೊರಕೆ. ದಾರಿ ಪೂರ್ಣ ಮುಚ್ಚಿದರೆ ಮೌನ. ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ, ಮಿದುಳು ಗಾಬರಿಯಿಂದ ಎಚ್ಚರಿಸುತ್ತದೆ, ಮಲಗಿದವನು ಏದುಸಿರುಬಿಟ್ಟು ಮತ್ತೆ ನಿದ್ರೆಗೆ ಜಾರುತ್ತಾನೆ. ಬೆಳಿಗ್ಗೆ ಅವನಿಗೆ ಇದಾವುದರ ನೆನಪೂ ಇರುವುದಿಲ್ಲ. 10 ಸೆಕೆಂಡು ಅಥವಾ ಅದಕ್ಕೂ ಹೆಚ್ಚು ಕಾಲ ಉಸಿರು ನಿಲ್ಲುವ ಇಲ್ಲವೇ ಗಣನೀಯವಾಗಿ ಕುಗ್ಗುವ ಸಂದರ್ಭಗಳನ್ನು ವೈದ್ಯರು ಎಣಿಸುತ್ತಾರೆ. ವಯಸ್ಕರಲ್ಲಿ ಗಂಟೆಗೆ 5ರಿಂದ 15 ಆದರೆ ಸೌಮ್ಯ, 15ರಿಂದ 30 ಆದರೆ ಮಧ್ಯಮ, 30 ಮೀರಿದರೆ ತೀವ್ರ. ಚಿಕಿತ್ಸೆಯಿಲ್ಲದೆ ಮುಂದುವರಿದ ತೀವ್ರ ವ್ಯಾಧಿಯು ಅಧಿಕ ರಕ್ತದೊತ್ತಡ, ಹೃದ್ರೋಗ, ಪಾರ್ಶ್ವವಾಯುಗಳೊಡನೆ ಸಂಬಂಧ ಹೊಂದಿದೆ. ಹಗಲಿನ ತೂಕಡಿಕೆಯಿಂದ ವಾಹನ ಅಪಘಾತಗಳೂ ಸಂಭವಿಸುತ್ತವೆ.

ದಿಂಬಿಗೆ ಸಾಧ್ಯವಾದದ್ದು, ಸಾಧ್ಯವಾಗದ್ದು

1984ರಲ್ಲಿ ಷಿಕಾಗೊದ ಮನೋವಿಜ್ಞಾನಿ ರೊಸಲಿಂಡ್ ಕಾರ್ಟ್‌ರೈಟ್ ಮಲಗುವ ಭಂಗಿಯ ಪರಿಣಾಮವನ್ನು ಅಳೆದು ಪ್ರಕಟಿಸಿದರು. ಅನೇಕ ರೋಗಿಗಳಲ್ಲಿ ಅಂಗಾತ ಮಲಗಿದಾಗಿನ ಎಣಿಕೆಯು ಮಗ್ಗುಲಾದಾಗಿನ ಎಣಿಕೆಯ ಎರಡು ಪಟ್ಟು ಅಥವಾ ಅದಕ್ಕೂ ಹೆಚ್ಚಾಗಿತ್ತು. ಇಂಥವರಿಗೆ ಮಗ್ಗುಲ ನಿದ್ರೆಯಿಂದ ನಿಜವಾದ ಪ್ರಯೋಜನವುಂಟು. ಉಳಿದವರಿಗೆ ಅಷ್ಟಿಲ್ಲ, ಕೆಲವರಿಗೆ ಏನೂ ಇಲ್ಲ. ಅಂಗಿಯ ಬೆನ್ನಿಗೆ ಟೆನ್ನಿಸ್ ಚೆಂಡನ್ನು ಹೊಲಿದುಕೊಳ್ಳುವ ಉಪಾಯವೂ ಪ್ರಚಾರದಲ್ಲಿತ್ತು; ಅಂಗಾತವಾದೊಡನೆ ಚೆಂಡು ಒತ್ತಿ ಮಗ್ಗುಲಾಗಿಸುತ್ತದೆ. ಆದರೆ ಅದನ್ನು ದೀರ್ಘಕಾಲ ಬಳಸಿದವರು ಹತ್ತರಲ್ಲಿ ಒಬ್ಬರೂ ಇಲ್ಲವೆಂದು 2009ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ವರದಿ ಮಾಡಿದರು.

ದಿಂಬು ಇದೇ ಕೆಲಸವನ್ನು ಸೌಮ್ಯವಾಗಿ ಮಾಡಲು ಯತ್ನಿಸುತ್ತದೆ. ಮಗ್ಗುಲಾಗಿ ಮಲಗಿದವನ ಕಿವಿಗೂ ಹಾಸಿಗೆಗೂ ನಡುವೆ ಅವನ ಭುಜದಷ್ಟು ಅಂತರವಿರುತ್ತದೆ. ದಿಂಬು ಆ ಅಂತರವನ್ನು ತುಂಬಬೇಕು. ತಗ್ಗಾದರೆ ತಲೆ ಹಾಸಿಗೆಯತ್ತ ಜೋಲುತ್ತದೆ, ಎತ್ತರವಾದರೆ ಕತ್ತು ಮೇಲಕ್ಕೆ ಸೊಟ್ಟಗಾಗುತ್ತದೆ. ಗದ್ದವು ಎದೆಯತ್ತ ಬಾಗಿದರಂತೂ ಶ್ವಾಸದ ದಾರಿ ಇನ್ನಷ್ಟು ಕಿರಿದಾಗುತ್ತದೆ. ಆದುದರಿಂದ ಅಗಲ ಭುಜದವನ ದಿಂಬು ಸಣ್ಣ ದೇಹದವಳಿಗೆ ಹೊಂದುವುದಿಲ್ಲ. ಕೆಲವು ದಿಂಬುಗಳಲ್ಲಿ ಕತ್ತಿಗೆ ಉಬ್ಬು, ತಲೆಗೆ ತಗ್ಗು ಇರುತ್ತವೆ. ಕೆಲವು ಬೆನ್ನ ಹಿಂದೆ ಆಸರೆಯಾಗಿ ನಿಂತು ಹೊರಳದಂತೆ ತಡೆಯುತ್ತವೆ. ಕೆಲವುಗಳಲ್ಲಿ ಸಿಪ್ಯಾಪ್ ಮುಸುಕೂ ಕೊಳವೆಯೂ ಒತ್ತಿಕೊಳ್ಳದಂತೆ ಅಂಚುಗಳನ್ನು ಕತ್ತರಿಸಿರುತ್ತಾರೆ.

ಪರೀಕ್ಷೆಗಳ ಫಲವೇನು? ಕತ್ತಿಗೆ ಆಸರೆ ಕೊಡುವ ದಿಂಬನ್ನು ಕುರಿತು ಸ್ಟ್ಯಾನ್‌ಫರ್ಡ್‌ನಲ್ಲಿ ನಡೆದ ಸಣ್ಣ ಅಧ್ಯಯನವೊಂದರಲ್ಲಿ ಸೌಮ್ಯ ವ್ಯಾಧಿಯವರಿಗೆ ಅನುಕೂಲ ಕಂಡಿತು, ಮಧ್ಯಮದವರಿಗೆ ಕಾಣಲಿಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ನರರೋಗತಜ್ಞರೊಬ್ಬರ ಮುಂದಾಳತ್ವದಲ್ಲಿ ಸಿದ್ಧವಾಗಿ 2019ರಲ್ಲಿ ಕಾಕ್ರೇನ್ ಸಂಸ್ಥೆಯಿಂದ ಪ್ರಕಟವಾದ ಸಮೀಕ್ಷೆಯು ಮಗ್ಗುಲಾಗಿಸುವ ಉಪಾಯಗಳ ಮೇಲಿನ ಎಂಟು ಅಧ್ಯಯನಗಳನ್ನು ಒಟ್ಟಾಗಿ ತೂಗಿ ನೋಡಿತು. ಏನೂ ಮಾಡದಿರುವುದಕ್ಕಿಂತ ಈ ಉಪಾಯಗಳು ಮೇಲು. ಉಸಿರು ನಿಲ್ಲುವ ಎಣಿಕೆಯನ್ನು ತಗ್ಗಿಸುವಲ್ಲಿ ಸಿಪ್ಯಾಪ್ ಇವಕ್ಕಿಂತ ಮೇಲು. ಆದರೆ ಜನರು ಯಂತ್ರಕ್ಕಿಂತ ಇವನ್ನು ರಾತ್ರಿಯಲ್ಲಿ ಹೆಚ್ಚು ಹೊತ್ತು ಬಳಸುವ ಸಂಭವವಿದೆ. ಸಾರಾಂಶವಿಷ್ಟೆ: ದಿಂಬು ಭಂಗಿಯನ್ನು ಕಾಯುತ್ತದೆ, ಗಂಟಲನ್ನು ಕಾಯುವ ಹೊಣೆ ಅದಕ್ಕೆ ಹೊರಲಾಗದು.

ಶ್ರಾವಕನ ಹೊಣೆ

ಇಲ್ಲಿಯೇ ನೀತಿಯ ಪ್ರಶ್ನೆ ಏಳುತ್ತದೆ. ಸತ್ಯಾಣುವ್ರತದ ಅತಿಚಾರಗಳಲ್ಲಿ ಮೊದಲನೆಯದು ಮಿಥ್ಯೋಪದೇಶ. ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಒಂದು ಪ್ರತಿರೂಪಕ ವ್ಯವಹಾರ, ಅಂದರೆ ಒಂದನ್ನು ಮತ್ತೊಂದೆಂದು ಮಾರುವುದು. ‘ಮಗ್ಗುಲಾಗಿ ಮಲಗಲು ಅನುಕೂಲವಾದ ದಿಂಬು’ ಎಂದು ಮಾರಿದರೆ ಅದು ವ್ಯಾಪಾರ. ‘ಸ್ಲೀಪ್ ಆಪ್ನಿಯಾ ಗುಣಪಡಿಸುವ ದಿಂಬು’ ಎಂದು ಮಾರಿದರೆ ಎರಡು ವ್ರತಗಳಿಗೂ ಭಂಗ. ಕೊಂಡವನ ನಷ್ಟ ಹಣದಲ್ಲಿ ಮುಗಿಯುವುದಿಲ್ಲ. ತೀವ್ರ ವ್ಯಾಧಿಯುಳ್ಳವನು ದಿಂಬನ್ನು ನಂಬಿ ಪರೀಕ್ಷೆಯನ್ನು ಮುಂದೂಡುತ್ತಾನೆ. ಆ ಅವಧಿಯಲ್ಲಿ ಅವನ ಹೃದಯಕ್ಕೂ ಮಿದುಳಿಗೂ ಆಗುವ ಹಾನಿಯಲ್ಲಿ ಮಾರಿದವನ ಪ್ರಮಾದಕ್ಕೂ ಪಾಲಿದೆ. ಪ್ರಮಾದದಿಂದಾದ ಪ್ರಾಣಪೀಡೆಯೇ ಹಿಂಸೆಯೆಂದು ತತ್ತ್ವಾರ್ಥಸೂತ್ರವು ಲಕ್ಷಣ ಹೇಳಿರುವಾಗ ಇದನ್ನು ಸಣ್ಣ ಮಾತೆಂದು ತಳ್ಳಿಹಾಕಲಾಗದು. ಕೊಳ್ಳುವವನೂ ಎಚ್ಚರದಿಂದಿರಬೇಕು. ಬೆಲೆಬಾಳುವ ಕೆಲವು ದಿಂಬುಗಳಲ್ಲಿ ಬಾತುಕೋಳಿ, ಹೆಬ್ಬಾತುಗಳ ಗರಿಗಳನ್ನು ತುಂಬಿರುತ್ತಾರೆ. ಒಳಗೇನಿದೆಯೆಂದು ಕೇಳಿ ತಿಳಿಯದೆ ಕೊಳ್ಳುವುದು ಅಹಿಂಸಾಧರ್ಮಿಗೆ ತಕ್ಕುದಲ್ಲ. ಭುಜದ ಅಳತೆಗೆ ಒತ್ತಾಗಿ ತುಂಬಿದ ಹತ್ತಿಯ ದಿಂಬು ಬಹುಮಂದಿಗೆ ಸಾಕಾದೀತು.

ಕುಟುಂಬದವರ ಕರ್ತವ್ಯವೂ ಇದೆ. ಮಲಗಿದವನ ಉಸಿರು ನಿಂತುದು ಅವನಿಗೆ ತಿಳಿಯುವುದಿಲ್ಲ, ಪಕ್ಕದಲ್ಲಿದ್ದವರಿಗೆ ತಿಳಿಯುತ್ತದೆ. ಜೋರಾದ ಗೊರಕೆ, ನಡುವೆ ಮೌನ, ಆಮೇಲೆ ಏದುಸಿರು, ಬೆಳಗಿನ ತಲೆನೋವು, ಹಗಲಿನ ತೂಕಡಿಕೆ, ಇವು ಕಂಡಾಗ ಪರಿಹಾಸ್ಯ ಮಾಡದೆ ವೈದ್ಯರಲ್ಲಿಗೆ ಕರೆದೊಯ್ದು ನಿದ್ರಾಪರೀಕ್ಷೆ ಮಾಡಿಸಬೇಕು. ಸ್ಥೂಲದೇಹಿಗಳಿಗೆ ತೂಕ ಇಳಿಸುವುದರಿಂದ ಪ್ರಯೋಜನವುಂಟು. ಸಿಪ್ಯಾಪ್ ಬಳಸುತ್ತಿರುವವರು ದಿಂಬು ಕೊಂಡೆವೆಂದು ವೈದ್ಯರನ್ನು ಕೇಳದೆ ಯಂತ್ರವನ್ನು ಬಿಡಬಾರದು.

ಬಸದಿಗಳ ಟ್ರಸ್ಟುಗಳು ನಡೆಸುವ ಯಾತ್ರಿನಿವಾಸಗಳಲ್ಲಿ ವೃದ್ಧ ಯಾತ್ರಿಕರು ಸಾಮೂಹಿಕ ಕೊಠಡಿಯಲ್ಲಿ ಮಲಗುತ್ತಾರೆ. ಗೊರಕೆಯ ಸಂಕೋಚದಿಂದಲೇ ಯಾತ್ರೆಯನ್ನು ಬಿಡುವವರೂ ಉಂಟು. ಮಂಚದ ಬಳಿ ಯಂತ್ರಕ್ಕೊಂದು ವಿದ್ಯುತ್ ಪ್ಲಗ್, ಅಗತ್ಯವಿದ್ದವರಿಗೆ ಎರಡು ಎತ್ತರಗಳ ಶುಚಿಯಾದ ದಿಂಬುಗಳು, ಸಾಧ್ಯವಾದಲ್ಲಿ ಒಂದು ಪ್ರತ್ಯೇಕ ಕೊಠಡಿ, ಇವಕ್ಕೆ ಹೆಚ್ಚಿನ ಖರ್ಚಿಲ್ಲ. ಮುನಿಗಳು ತೋಳನ್ನೇ ದಿಂಬಾಗಿಸಿಕೊಂಡರು, ಏಕೆಂದರೆ ಅವರು ದೇಹದ ಮಮತೆಯನ್ನು ಬಿಟ್ಟವರು. ಗೃಹಸ್ಥನು ಇನ್ನೂ ಬಿಟ್ಟಿಲ್ಲ; ಅನ್ಯರ ದೇಹಬಾಧೆಯನ್ನು ಕಂಡು ನೆರವಾಗುವುದು ಅವನಿಗೆ ವಿಧಿಸಿದ ಧರ್ಮ. ಮುಂಬರುವ ಜಾತ್ರೆ, ಪೂಜೆಗಳ ಸಿದ್ಧತೆಯಲ್ಲಿ ಟ್ರಸ್ಟುಗಳು ಈ ಚಿಕ್ಕ ವ್ಯವಸ್ಥೆಯನ್ನೂ ಸೇರಿಸಿಕೊಳ್ಳುವುದು ಯೋಗ್ಯ.