ಬಸಿರಿನ ಮೊದಲ ಮೂರು ತಿಂಗಳು: ಮನೆಮಂದಿಯೆಲ್ಲ ತಿಳಿದಿರಬೇಕಾದ ಸಂಗತಿಗಳು

ನಮ್ಮ ಸಂಪ್ರದಾಯದಲ್ಲಿ ಬಸಿರಿಗೆ ಸಲ್ಲುವ ಗೌರವ ಸಣ್ಣದಲ್ಲ. ಉತ್ತರ ಕರ್ನಾಟಕದ ಮನೆಗಳಲ್ಲಿ ಕುಬಸ, ಕರಾವಳಿಯಲ್ಲಿ ಬಯಕೆ, ಹಳೇ ಮೈಸೂರು ಭಾಗದಲ್ಲಿ ಸೀಮಂತ ಎಂದು ಹೆಸರು ಬೇರೆಯಾದರೂ ಹಸಿರು ಬಳೆ ತೊಡಿಸಿ, ಮಡಿಲು ತುಂಬಿ, ಬಯಸಿದ್ದನ್ನು ಉಣಬಡಿಸುವ ಅಕ್ಕರೆ ಒಂದೇ. ತಲೆಮಾರುಗಳಿಂದ ಮುಂಬಯಿಯಲ್ಲಿ ನೆಲೆಸಿದ ನಾವೂ ಈ ಶಾಸ್ತ್ರಗಳನ್ನು ಬಿಟ್ಟಿಲ್ಲ. ಆದರೆ ಇವೆಲ್ಲ ಸಾಮಾನ್ಯವಾಗಿ ನಡೆಯುವುದು ಐದನೆಯ ತಿಂಗಳ ನಂತರ. ಅದಕ್ಕೂ ಹಿಂದಿನ ಮೊದಲ ಮೂರು ತಿಂಗಳು ಅನೇಕ ಮನೆಗಳಲ್ಲಿ ಮೌನದಲ್ಲಿಯೇ ಕಳೆದುಹೋಗುತ್ತವೆ. ‘ಮೂರು ತಿಂಗಳು ತುಂಬುವ ತನಕ ಯಾರಿಗೂ ಹೇಳಬಾರದು’ ಎಂಬುದು ಹಿರಿಯರ ಮಾತು.

ಮಗುವಿನ ಮುಖ್ಯ ಅವಯವಗಳು ರೂಪುಗೊಳ್ಳುವುದು ಈ ಮೌನದ ದಿನಗಳಲ್ಲಿಯೇ. ತಾಯಿಯಾಗುವವಳಿಗೆ ವಾಕರಿಕೆ, ದಣಿವು, ಆತಂಕಗಳು ಹೆಚ್ಚಾಗಿ ಕಾಡುವುದೂ ಆಗಲೇ. ಊರಿನ ತುಂಬು ಮನೆಯಲ್ಲಿ ಬಾಯಿಬಿಟ್ಟು ಹೇಳದಿದ್ದರೂ ಅತ್ತೆ, ಅತ್ತಿಗೆಯರು ಮುಖ ನೋಡಿ ಅರ್ಥ ಮಾಡಿಕೊಳ್ಳುತ್ತಿದ್ದರು, ಭಾರದ ಕೆಲಸವನ್ನು ತಾವಾಗಿ ತೆಗೆದುಕೊಳ್ಳುತ್ತಿದ್ದರು. ಡೊಂಬಿವಲಿ, ಮೀರಾರೋಡ್, ನವಿಮುಂಬಯಿಗಳ ಎರಡು ಕೋಣೆಯ ಮನೆಯಲ್ಲಿ ಗಂಡ ಹೆಂಡತಿ ಇಬ್ಬರೇ ಇದ್ದು, ಇಬ್ಬರೂ ದುಡಿಯಲು ಹೋಗುವಾಗ ಹಾಗೆ ಅರಿಯುವವರು ಇರುವುದಿಲ್ಲ. ಆದುದರಿಂದ ಈ ಮೊದಲ ತಿಂಗಳುಗಳ ದಿನಚರಿ ಹಾಗೂ ಆರೈಕೆಯ ಬಗ್ಗೆ ತಿಳಿದಿರಬೇಕಾದ ಮುಖ್ಯ ಸಂಗತಿಗಳನ್ನು ಇಲ್ಲಿ ಒಟ್ಟುಗೂಡಿಸಿದ್ದೇವೆ.

ದಿನಗಳ ಲೆಕ್ಕ

ವೈದ್ಯರು ಬಸಿರಿನ ಅವಧಿಯನ್ನು ಕೊನೆಯ ಮುಟ್ಟಿನ ಮೊದಲ ದಿನದಿಂದ ಎಣಿಸುತ್ತಾರೆ. ಆ ಲೆಕ್ಕದಂತೆ ಒಟ್ಟು ಅವಧಿ 40 ವಾರ, ಅಂದರೆ 280 ದಿನ. ಮುಟ್ಟು ತಪ್ಪಿತೆಂದು ತಿಳಿಯುವಾಗಲೇ ನಾಲ್ಕು ವಾರ ಕಳೆದಿರುತ್ತವೆ. ಮುಂದೆ ಮಿದುಳು ಮತ್ತು ಬೆನ್ನುಹುರಿಯಾಗಿ ಬೆಳೆಯುವ ನರಕೊಳವೆಯು ಸುಮಾರು ಆರನೆಯ ವಾರದೊಳಗೆ ಮುಚ್ಚಿಕೊಳ್ಳುತ್ತದೆ. ಹೃದಯ ಬಡಿಯತೊಡಗುವುದೂ ಸರಿಸುಮಾರು ಆಗಲೇ. ಎಂದರೆ ಮುಟ್ಟು ತಪ್ಪಿ ಎರಡು ವಾರ ಆಗುವಷ್ಟರಲ್ಲಿ, ಮನೆಯವರಿಗೆ ಸುದ್ದಿ ತಿಳಿಯುವ ಮೊದಲೇ, ಬಹು ಮುಖ್ಯವಾದ ಒಂದು ಘಟ್ಟ ಮುಗಿದಿರುತ್ತದೆ.

ನರಕೊಳವೆಯು ಸರಿಯಾಗಿ ಮುಚ್ಚಿಕೊಳ್ಳಲು ಫೋಲಿಕ್ ಆಮ್ಲ ನೆರವಾಗುತ್ತದೆ. ದಿನಕ್ಕೆ 400 ಮೈಕ್ರೋಗ್ರಾಂ ಪ್ರಮಾಣದ ಈ ಮಾತ್ರೆಯನ್ನು ಗರ್ಭಧಾರಣೆಗೆ ಕನಿಷ್ಠ ಒಂದು ತಿಂಗಳು ಮೊದಲೇ ಆರಂಭಿಸಿ ಮೊದಲ ಮೂರು ತಿಂಗಳು ಮುಂದುವರಿಸಬೇಕು. ಮಗು ಬೇಕೆಂದು ಬಯಸುವ ದಂಪತಿ ಮುಟ್ಟು ತಪ್ಪುವವರೆಗೆ ಕಾಯದೆ ಮೊದಲೇ ವೈದ್ಯರನ್ನು ಕಾಣಬೇಕೆನ್ನುವುದು ಈ ಕಾರಣಕ್ಕೆ. ಹಿಂದಿನ ಮಗುವಿಗೆ ಬೆನ್ನುಹುರಿಯ ದೋಷವಿದ್ದರೆ, ತಾಯಿಗೆ ಸಕ್ಕರೆ ಕಾಯಿಲೆ ಇದ್ದರೆ ಅಥವಾ ಅಪಸ್ಮಾರದ ಔಷಧಿ ಸೇವಿಸುತ್ತಿದ್ದರೆ ವೈದ್ಯರು ಹೆಚ್ಚಿನ ಪ್ರಮಾಣವನ್ನು ಸೂಚಿಸುತ್ತಾರೆ. ತಡವಾಗಿ ತಿಳಿದವರು ಗಾಬರಿಗೊಳ್ಳಬೇಕಿಲ್ಲ, ತಿಳಿದ ದಿನದಿಂದಲೇ ಆರಂಭಿಸಿದರಾಯಿತು.

ಮೊದಲ ಭೇಟಿ, ಮೊದಲ ಪರೀಕ್ಷೆಗಳು

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಮೊದಲ ಮೂರು ತಿಂಗಳೊಳಗೆ ವೈದ್ಯಕೀಯ ತಪಾಸಣೆ ಪಡೆದ ತಾಯಂದಿರು ನೂರಕ್ಕೆ 70 ಮಂದಿ ಮಾತ್ರ. ಅದೇ ಸಮೀಕ್ಷೆಯಲ್ಲಿ ಗರ್ಭಿಣಿಯರ ಪೈಕಿ ನೂರಕ್ಕೆ 52 ಮಂದಿಗೆ ರಕ್ತಹೀನತೆ ಕಂಡುಬಂದಿತ್ತು. ಓದಿದವರ, ಅನುಕೂಲಸ್ಥರ ಮನೆಗಳೂ ಇದಕ್ಕೆ ಹೊರತಲ್ಲ.

ಮೊದಲ ಭೇಟಿಯಲ್ಲಿ ಹಿಮೋಗ್ಲೋಬಿನ್, ರಕ್ತದ ಗುಂಪು, ಸಕ್ಕರೆ, ಥೈರಾಯ್ಡ್, ಮೂತ್ರ, ಹೆಪಟೈಟಿಸ್-ಬಿ, ಸಿಫಿಲಿಸ್ ಹಾಗೂ ಎಚ್‌ಐವಿ ಪರೀಕ್ಷೆಗಳನ್ನು ಸಾಮಾನ್ಯವಾಗಿ ಮಾಡಿಸುತ್ತಾರೆ. ಹಿಮೋಗ್ಲೋಬಿನ್ 11ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ ಎಂದು ಪರಿಗಣಿಸಲಾಗುತ್ತದೆ. ತಾಯಿಯ ರಕ್ತ ಆರ್‌ಎಚ್ ನೆಗೆಟಿವ್ ಆಗಿದ್ದರೆ ಗಂಡನ ರಕ್ತದ ಗುಂಪನ್ನೂ ನೋಡಬೇಕಾಗುತ್ತದೆ. ಎಚ್‌ಐವಿ ಪರೀಕ್ಷೆಯ ಮಾತೆತ್ತಿದಾಗ ಕೆಲವು ಹಿರಿಯರು ಮುಜುಗರಪಡುವುದುಂಟು. ಅದು ಎಲ್ಲ ಗರ್ಭಿಣಿಯರಿಗೂ ಸೂಚಿಸುವ ಪರೀಕ್ಷೆಯೇ ಹೊರತು ಯಾರ ನಡತೆಯ ಮೇಲಿನ ಸಂಶಯವಲ್ಲ.

ಆರರಿಂದ ಎಂಟನೆಯ ವಾರದ ಸ್ಕ್ಯಾನಿಂಗ್‌ನಿಂದ ಗರ್ಭವು ಗರ್ಭಕೋಶದೊಳಗೇ ಇದೆಯೇ, ಹೃದಯ ಬಡಿಯುತ್ತಿದೆಯೇ ಎಂಬುದು ತಿಳಿಯುತ್ತದೆ. 11ರಿಂದ 13ನೆಯ ವಾರದ ನಡುವಿನ ಸ್ಕ್ಯಾನಿಂಗ್ ಮಗುವಿನ ಬೆಳವಣಿಗೆಯಲ್ಲಿ ಕೆಲವು ದೋಷಗಳ ಸಾಧ್ಯತೆಯಿದ್ದರೆ ಸುಳಿವು ನೀಡುತ್ತದೆ. ಗಂಡೋ ಹೆಣ್ಣೋ ಎಂದು ಕೇಳುವುದು ಮತ್ತು ಹೇಳುವುದು 1994ರ ಕಾಯ್ದೆಯಂತೆ ಅಪರಾಧ ಎಂಬುದನ್ನು ಮನೆಯವರೆಲ್ಲರೂ ನೆನಪಿಡಬೇಕು.

ಪ್ರತಿ ತಿಂಗಳ 9ನೆಯ ತಾರೀಕಿನಂದು ಸರಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ಉಚಿತ ತಪಾಸಣೆ ನೀಡುವ ಯೋಜನೆ 2016ರಲ್ಲಿ ಆರಂಭವಾಗಿದೆ. ನಾಲ್ಕನೆಯ ತಿಂಗಳಿನಿಂದ ಮುಂದಿನವರಿಗಾಗಿ ಇರುವ ಈ ಸೌಲಭ್ಯವನ್ನು ನಮ್ಮ ಮನೆಗೆಲಸಕ್ಕೆ ಬರುವ ಸೋದರಿಯರಿಗೆ ತಿಳಿಸಿಕೊಡುವುದೂ ನಮ್ಮ ಕರ್ತವ್ಯವೇ.

ವಾಕರಿಕೆ ಮತ್ತು ಊಟ

ವಾಕರಿಕೆ ಸಾಮಾನ್ಯವಾಗಿ ಆರನೆಯ ವಾರದ ಹೊತ್ತಿಗೆ ಶುರುವಾಗಿ, ಒಂಬತ್ತನೆಯ ವಾರದ ಸುಮಾರಿಗೆ ಹೆಚ್ಚಿ, ನಾಲ್ಕನೆಯ ತಿಂಗಳಲ್ಲಿ ತಗ್ಗುತ್ತದೆ. ಬೆಳಗಿನ ಹೊತ್ತು ಮಾತ್ರವಲ್ಲದೆ ಇಡೀ ದಿನ ಕಾಡುವುದೂ ಉಂಟು. ಹೊಟ್ಟೆ ಖಾಲಿ ಬಿಟ್ಟಷ್ಟೂ ವಾಕರಿಕೆ ಹೆಚ್ಚು. ಏಳುವ ಮೊದಲೇ ಹಾಸಿಗೆಯ ಪಕ್ಕದಲ್ಲಿಟ್ಟುಕೊಂಡ ಹುರಿಗಡಲೆ, ಮಂಡಕ್ಕಿ ಅಥವಾ ಒಣ ಬಿಸ್ಕತ್ತನ್ನು ತಿಂದು, ಸ್ವಲ್ಪ ಹೊತ್ತಿನ ನಂತರ ಏಳುವುದು ಒಳ್ಳೆಯದು. ಮೂರು ಹೊತ್ತಿನ ದೊಡ್ಡ ಊಟದ ಬದಲು ಎರಡು ಮೂರು ಗಂಟೆಗೊಮ್ಮೆ ಸ್ವಲ್ಪಸ್ವಲ್ಪ ತಿನ್ನಬೇಕು. ನಮ್ಮ ಅಡುಗೆಮನೆಯಲ್ಲಿ ಇದಕ್ಕೆ ಬೇಕಾದುದೆಲ್ಲ ಇದೆ. ಕುಚ್ಚಲಕ್ಕಿ ಗಂಜಿ, ತೆಳ್ಳನೆಯ ಸಾರು, ಶುಂಠಿಯ ತಂಬುಳಿ, ಮಜ್ಜಿಗೆ, ನಿಂಬೆಹಣ್ಣಿನ ಪಾನಕ, ತಣ್ಣಗಾದ ಮೊಸರನ್ನ ಇವೆಲ್ಲ ಹಿತವೆನಿಸುತ್ತವೆ. ಒಗ್ಗರಣೆಯ ವಾಸನೆ ಆಗದಿದ್ದರೆ ಆ ಕೆಲವು ವಾರ ಅಡುಗೆಯ ಹೊಣೆಯನ್ನು ಗಂಡನೋ ಅತ್ತೆಯೋ ವಹಿಸಿಕೊಳ್ಳುವುದೇ ಸರಿಯಾದ ಮದ್ದು.

ಇಷ್ಟಾದರೂ ತಗ್ಗದಿದ್ದರೆ ಸುರಕ್ಷಿತ ಔಷಧಿಗಳಿವೆ, ವೈದ್ಯರನ್ನು ಕೇಳಬೇಕು. ನೀರೂ ನಿಲ್ಲದೆ ವಾಂತಿಯಾಗುತ್ತಿದ್ದರೆ, ಮೂತ್ರ ಗಾಢ ಬಣ್ಣಕ್ಕೆ ತಿರುಗಿದ್ದರೆ, ತೂಕ ಇಳಿಯುತ್ತಿದ್ದರೆ ಅದನ್ನು ‘ಎಲ್ಲರಿಗೂ ಆಗುವಂಥದ್ದೇ’ ಎಂದು ತಳ್ಳಿಹಾಕುವಂತಿಲ್ಲ. ಅದಕ್ಕೆ ಆಸ್ಪತ್ರೆಯ ಚಿಕಿತ್ಸೆಯೇ ಬೇಕು.

ಮೊದಲ ಮೂರು ತಿಂಗಳಲ್ಲಿ ಇಬ್ಬರ ಊಟವನ್ನು ಉಣ್ಣಬೇಕಾದ ಅಗತ್ಯವಿಲ್ಲ, ಇರುವ ಊಟ ಪುಷ್ಟಿಕರವಾಗಿದ್ದರೆ ಸಾಕು. ಗರ್ಭಿಣಿಗೆ ದಿನಕ್ಕೆ ಸುಮಾರು 1000 ಮಿಲಿಗ್ರಾಂ ಸುಣ್ಣಾಂಶ ಬೇಕು. 100 ಗ್ರಾಂ ರಾಗಿಯಲ್ಲಿಯೇ ಸುಮಾರು 350 ಮಿಲಿಗ್ರಾಂ ಇರುತ್ತದೆ. ಹೆಸರುಬೇಳೆ ತೊವ್ವೆ, ಹಾಲು, ಮೊಸರು, ಮೊಳಕೆ ಬರಿಸಿ ಚೆನ್ನಾಗಿ ಬೇಯಿಸಿದ ಕಾಳು, ನುಗ್ಗೆ ಮತ್ತು ಮೆಂತ್ಯ ಸೊಪ್ಪು, ಚೆನ್ನಾಗಿ ಬೆಂದ ಮೊಟ್ಟೆ ನಿತ್ಯದ ಊಟದಲ್ಲಿರಲಿ. ಮೀನು ತಿನ್ನುವವರಿಗೆ ಬಂಗುಡೆ, ಬೂತಾಯಿಯಂತಹ ಸಣ್ಣ ಮೀನು ಉತ್ತಮ. ಶಾರ್ಕ್‌ನಂತಹ ದೊಡ್ಡ ಮೀನುಗಳಲ್ಲಿ ಪಾದರಸದ ಅಂಶ ಹೆಚ್ಚಿರುವುದರಿಂದ ಬೇಡ. ಕಾಯಿಸದ ಹಾಲು, ಬೀದಿಬದಿಯ ಪಾನಿಪುರಿ, ಕತ್ತರಿಸಿಟ್ಟ ಹಣ್ಣು, ಬರ್ಫದ ಗೋಲಾ ಇವುಗಳಿಂದ ದೂರವಿರಬೇಕು. ಕಾಫಿ ಬಿಡಲೇಬೇಕೆಂದಿಲ್ಲ. ದಿನಕ್ಕೆ ಎರಡು ಸಣ್ಣ ಲೋಟಕ್ಕೆ ಮಿತಿಗೊಳಿಸಿ, ಊಟದ ಜೊತೆಗೆ ಕುಡಿಯದಿರಿ. ಕಾಫಿ, ಚಹಾ ಎರಡೂ ಕಬ್ಬಿಣದ ಅಂಶ ಮೈಗೂಡುವುದನ್ನು ತಡೆಯುತ್ತವೆ.

ಪಪ್ಪಾಯಿಯ ಪ್ರಶ್ನೆ ಎಲ್ಲ ಮನೆಗಳಲ್ಲೂ ಏಳುತ್ತದೆ. ಹಸಿ ಪಪ್ಪಾಯಿಕಾಯಿಯಲ್ಲಿರುವ ಹಾಲಿನ ಕಾರಣದಿಂದ ಅದನ್ನು ವರ್ಜಿಸುವುದು ಲೇಸು. ಪೂರ್ತಿ ಮಾಗಿದ ಹಣ್ಣನ್ನು ಮಿತವಾಗಿ ತಿಂದರೆ ಕೆಡುಕಾಗುತ್ತದೆ ಎನ್ನಲು ಆಧಾರ ದೊರೆತಿಲ್ಲ. ಕೇಸರಿ ಹಾಲಿಗೂ ಮಗುವಿನ ಮೈಬಣ್ಣಕ್ಕೂ ಯಾವ ಸಂಬಂಧವೂ ಇಲ್ಲ. ಶ್ರಾವಣದ ವ್ರತ, ಏಕಾದಶಿಗಳಲ್ಲಿ ನೀರನ್ನೂ ಮುಟ್ಟದೆ ಉಪವಾಸವಿರುವುದು ಬೇಡ. ಹಾಲು, ಹಣ್ಣು, ಫಲಾಹಾರ ತೆಗೆದುಕೊಂಡರೆ ವ್ರತಕ್ಕೆ ಭಂಗವಾಗದೆಂದು ಹಿರಿಯರೇ ಸೊಸೆಗೆ ತಿಳಿಹೇಳಲಿ.

ಔಷಧಿ, ಜ್ವರ, ಹೊಗೆ

ತಲೆನೋವಿಗೆ, ಮೊಡವೆಗೆ, ಶೀತಕ್ಕೆ ತಾವಾಗಿ ಔಷಧಿ ಅಂಗಡಿಯಿಂದ ತರುವ ಅಭ್ಯಾಸವನ್ನು ನಿಲ್ಲಿಸಬೇಕು. ಐಬುಪ್ರೊಫೆನ್‌ನಂತಹ ನೋವಿನ ಮಾತ್ರೆ ಬೇಡ. ಮೊಡವೆಗೆ ಕೊಡುವ ಐಸೊಟ್ರೆಟಿನಾಯಿನ್ ಮಗುವಿಗೆ ತೀವ್ರ ಹಾನಿ ಮಾಡುವಂಥದ್ದು. ನಾಟಿ ಔಷಧಿ, ಭಸ್ಮ, ಊರಿನಿಂದ ಬಂದ ಕಷಾಯದ ಪುಡಿಗಳನ್ನೂ ವೈದ್ಯರಿಗೆ ತೋರಿಸದೆ ಸೇವಿಸಬಾರದು. ಥೈರಾಯ್ಡ್, ಸಕ್ಕರೆ, ಅಪಸ್ಮಾರ, ರಕ್ತದೊತ್ತಡಗಳಿಗೆ ಮೊದಲಿನಿಂದ ತೆಗೆದುಕೊಳ್ಳುತ್ತಿರುವ ಮಾತ್ರೆಯನ್ನು ಹೆದರಿ ತಟ್ಟನೆ ನಿಲ್ಲಿಸುವುದೂ ಅಷ್ಟೇ ಅಪಾಯಕಾರಿ. ಕೂಡಲೇ ವೈದ್ಯರನ್ನು ಕಂಡು ಬದಲಾವಣೆ ಬೇಕೇ ಎಂದು ಕೇಳಬೇಕು.

ಮುಂಬಯಿಯ ಮಳೆಗಾಲದಲ್ಲಿ ಮಲೇರಿಯಾ, ಡೆಂಗ್ಯೂ ಸಾಮಾನ್ಯ. ಬಸುರಿಗೆ ಜ್ವರ ಬಂದರೆ ನಾಳೆ ನೋಡೋಣವೆಂದು ಕಾಯದೆ ಅಂದೇ ರಕ್ತ ಪರೀಕ್ಷೆ ಮಾಡಿಸಬೇಕು. ಸೊಳ್ಳೆಪರದೆ ಇಂದಿಗೂ ಒಳ್ಳೆಯ ರಕ್ಷಣೆ. ಮದ್ಯ, ತಂಬಾಕು, ಮಿಶ್ರಿ ಸಂಪೂರ್ಣ ವರ್ಜ್ಯ. ಗಂಡ ಮನೆಯೊಳಗೆ ಸೇದುವ ಸಿಗರೇಟಿನ ಹೊಗೆಯೂ ತಾಯಿ, ಮಗು ಇಬ್ಬರಿಗೂ ಹಾನಿಕರ.

ದುಡಿಮೆ ಮತ್ತು ಪ್ರಯಾಣ

ಆರೋಗ್ಯವಂತ ಗರ್ಭಿಣಿ ಕಚೇರಿಗೆ ಹೋಗಬಹುದು, ಮೆಟ್ಟಿಲು ಹತ್ತಬಹುದು, ದಿನಕ್ಕೆ ಅರ್ಧ ಗಂಟೆ ನಡೆಯಬಹುದು. ದಣಿವಾದಾಗ ಮಲಗುವುದು ಸೋಮಾರಿತನವಲ್ಲ. ಆ ದಿನಗಳ ದೇಹಸ್ಥಿತಿಯೇ ಅಂಥದ್ದು. ನೆಲದಿಂದ ಭಾರ ಎತ್ತುವುದು, ಕಪಾಲಭಾತಿಯಂತಹ ರಭಸದ ಪ್ರಾಣಾಯಾಮ, ಹೊಟ್ಟೆಯ ಮೇಲೆ ಒತ್ತಡ ಬೀಳುವ ಆಸನಗಳು ಬೇಡ. ರಕ್ತಸ್ರಾವ ಇಲ್ಲದಿದ್ದರೆ ಮತ್ತು ವೈದ್ಯರು ಬೇಡವೆನ್ನದಿದ್ದರೆ ದಾಂಪತ್ಯ ಸಂಬಂಧಕ್ಕೂ ಅಡ್ಡಿಯಿಲ್ಲ.

ಲೋಕಲ್ ರೈಲಿನ ನೂಕುನುಗ್ಗಲು ಮಾತ್ರ ನಮ್ಮ ನಗರದ ನಿಜವಾದ ಸಮಸ್ಯೆ. ಅಂಗವಿಕಲರಿಗೆ ಮೀಸಲಾದ ಡಬ್ಬಿಯಲ್ಲಿ ಗರ್ಭಿಣಿಯರಿಗೂ ಅವಕಾಶವಿದೆ. ಮೊದಲ ತಿಂಗಳುಗಳಲ್ಲಿ ಹೊಟ್ಟೆ ಕಾಣಿಸುವುದಿಲ್ಲವಾದ್ದರಿಂದ ವೈದ್ಯರ ಪ್ರಮಾಣಪತ್ರ ಕೈಚೀಲದಲ್ಲಿರಲಿ. ಕೆಲಸದ ವೇಳೆಯನ್ನು ಒಂದು ಗಂಟೆ ಹಿಂದುಮುಂದು ಮಾಡಿಕೊಳ್ಳಲು ಸಾಧ್ಯವೇ ಎಂದು ಕೇಳಿನೋಡಬೇಕು. ಊರಿಗೆ ಹೋಗಬೇಕಾದಲ್ಲಿ ರಾತ್ರಿ ಬಸ್ಸಿಗಿಂತ ರೈಲು ಮೇಲು. ಎದ್ದು ಓಡಾಡಬಹುದು, ಶೌಚಾಲಯವೂ ಇರುತ್ತದೆ.

1961ರ ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ತಂದ ತಿದ್ದುಪಡಿಯಿಂದ ಮೊದಲ ಎರಡು ಮಕ್ಕಳಿಗೆ ವೇತನಸಹಿತ ರಜೆ 12 ವಾರಗಳಿಂದ 26 ವಾರಗಳಿಗೆ ಏರಿತು. 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿಯೂ ಇದೇ ಅವಧಿಯನ್ನು ಉಳಿಸಿಕೊಳ್ಳಲಾಗಿದೆ. ಗರ್ಭಪಾತವಾದಲ್ಲಿ ಆರು ವಾರಗಳ ವೇತನಸಹಿತ ರಜೆಗೆ ಅವಕಾಶವಿರುವುದು ಅನೇಕರಿಗೆ ತಿಳಿದಿಲ್ಲ.

ತಡಮಾಡಬಾರದ ಲಕ್ಷಣಗಳು

ಒಂದೆರಡು ಹನಿ ರಕ್ತ ಕಂಡ ಮಾತ್ರಕ್ಕೆ ಗರ್ಭ ಹೋಯಿತೆಂದಲ್ಲ. ಹಾಗೆ ಕಂಡ ಅನೇಕ ಬಸಿರುಗಳು ಸುಖವಾಗಿ ಮುಂದುವರಿಯುತ್ತವೆ. ಆದರೂ ವೈದ್ಯರಿಗೆ ತಿಳಿಸಲೇಬೇಕು. ಹೆಚ್ಚು ರಕ್ತಸ್ರಾವ, ಕಿಬ್ಬೊಟ್ಟೆಯ ಒಂದೇ ಬದಿಯಲ್ಲಿ ತೀವ್ರ ನೋವು, ಭುಜದ ತುದಿಯಲ್ಲಿ ನೋವು, ತಲೆಸುತ್ತಿ ಬೀಳುವುದು, ಜ್ವರ, ಉರಿಮೂತ್ರ ಇವುಗಳಲ್ಲಿ ಯಾವುದೇ ಕಂಡರೂ ಕೂಡಲೇ ಆಸ್ಪತ್ರೆಗೆ ಹೋಗಬೇಕು. ಗರ್ಭವು ನಾಳದಲ್ಲಿ ನಿಂತಿದ್ದರೆ ಗಂಟೆಗಳ ವಿಳಂಬವೂ ತಾಯಿಯ ಜೀವಕ್ಕೆ ಎರವಾಗಬಲ್ಲದು.

ಖಚಿತಗೊಂಡ ಬಸಿರುಗಳಲ್ಲಿ ನೂರಕ್ಕೆ 10ರಿಂದ 20ರಷ್ಟು ತಾವಾಗಿಯೇ ನಿಂತುಹೋಗುತ್ತವೆ. ಅದೂ ಬಹುಪಾಲು ಮೊದಲ 12 ವಾರಗಳಲ್ಲಿ. ಸುಮಾರು ಅರ್ಧದಷ್ಟಕ್ಕೆ ಭ್ರೂಣದ ವರ್ಣತಂತುಗಳ ದೋಷವೇ ಕಾರಣ. ಮೆಟ್ಟಿಲು ಹತ್ತಿದ್ದರಿಂದ, ರೈಲಿನಲ್ಲಿ ಹೋದದ್ದರಿಂದ, ಕೆಲಸ ಬಿಡದಿದ್ದರಿಂದ ಹೀಗಾಯಿತೆಂದು ಸೊಸೆಯನ್ನು ದೂಷಿಸುವುದು ತಪ್ಪು, ಆಕೆ ತನ್ನನ್ನು ತಾನೇ ಹಳಿದುಕೊಳ್ಳುವುದೂ ತಪ್ಪು.

ಹೇಳುವುದು ಯಾರಿಗೆ?

ಮೂರು ತಿಂಗಳು ಸುದ್ದಿಯನ್ನು ಬಚ್ಚಿಡುವ ರೂಢಿ ಹುಟ್ಟಿದ್ದೂ ಈ ನಷ್ಟದ ಭಯದಿಂದಲೇ ಇರಬಹುದು. ಆ ಭಾವನೆಯನ್ನು ನಾವು ಅಲ್ಲಗಳೆಯುವುದಿಲ್ಲ. ಬಂಧುಬಳಗಕ್ಕೆಲ್ಲ, ನೆರೆಹೊರೆಗೆಲ್ಲ ಸಾರುವ ಅಗತ್ಯವಿಲ್ಲ. ಆದರೆ ವೈದ್ಯರಿಗೆ, ಮನೆಯ ಒಬ್ಬ ಹಿರಿಯರಿಗೆ, ಕಚೇರಿಯಲ್ಲಿ ನಂಬಿಕಸ್ಥ ಸಹೋದ್ಯೋಗಿಯೊಬ್ಬರಿಗೆ ತಿಳಿದಿರಲಿ. ನಡುಹಗಲು ರೈಲಿನಲ್ಲಿ ತಲೆಸುತ್ತಿದರೆ ಯಾರನ್ನು ಕರೆಯಬೇಕೆಂಬುದು ಆಕೆಗೆ ಗೊತ್ತಿರಬೇಕು. ಒಂದು ವೇಳೆ ನಷ್ಟವೇ ಒದಗಿದರೂ ಆಕೆ ಅದನ್ನು ಒಂಟಿಯಾಗಿ ನುಂಗಿಕೊಂಡು ಮರುದಿನ ಕೆಲಸಕ್ಕೆ ಹೊರಡುವಂತಾಗಬಾರದು.

ಇಲ್ಲಿ ಹೇಳಿರುವುದು ಸಾಮಾನ್ಯ ತಿಳಿವಳಿಕೆಗಾಗಿ ಮಾತ್ರ. ಪ್ರತಿಯೊಬ್ಬರ ದೇಹಸ್ಥಿತಿ ಬೇರೆಯಾದುದರಿಂದ ತಮ್ಮ ವೈದ್ಯರ ಸಲಹೆಯೇ ಅಂತಿಮ. ಐದನೆಯ ತಿಂಗಳಲ್ಲಿ ಹಸಿರು ಬಳೆ ತೊಡಿಸುವ ನಮ್ಮ ಮನೆಗಳು ಎರಡನೆಯ ತಿಂಗಳಲ್ಲಿ ಆಕೆಯ ಕೈಯಿಂದ ನೀರಿನ ಬಕೆಟ್ಟನ್ನು ತೆಗೆದುಕೊಳ್ಳುವಂತಾಗಲಿ ಎಂಬುದು ನಮ್ಮ ಹಾರೈಕೆ.